ಇಗರ್ಜಿಯ ವರ್ಷಗಾನ

ಹಾಡಿಗೂ ಕಾಲಕ್ಕೂ ಇರುವ ನಂಟನ್ನು ನಮ್ಮ ಕಾಸರಗೋಡಿನ ಮನೆಗಳವರಿಗೆ ವಿವರಿಸಿ ಹೇಳಬೇಕಾದುದಿಲ್ಲ. ರಾಮನವಮಿಯ ಭಜನೆ ಒಂದು, ಅಷ್ಟಮಿಯ ಭಜನೆ ಮತ್ತೊಂದು. ಪತ್ತನಾಜೆ ಬಂದೊಡನೆ ಮೇಳಗಳ ಚೆಂಡೆಯ ಸದ್ದು ಅಡಗುತ್ತದೆ. ಮಳೆಗಾಲವೆಲ್ಲ ಕಳೆದ ಮೇಲೆ ಮತ್ತೆ ಕೇಳಿಬರುತ್ತದೆ. ಪಂಚಾಂಗವನ್ನು ಬಿಚ್ಚದೆಯೇ ಕಿವಿಯಿಂದ ಮಾಸವನ್ನರಿಯುವ ಈ ಸಂಸ್ಕಾರ ನಮಗೊಬ್ಬರಿಗೇ ಮೀಸಲಾದುದಲ್ಲ. ನಮ್ಮ ನೆರೆಯ ಇಗರ್ಜಿಗಳಲ್ಲಿ ನಡೆಯುವ ಕಥೋಲಿಕ ಆರಾಧನೆಗೂ ಇಂತಹುದೇ ಒಂದು ಗಾನಪಂಚಾಂಗವುಂಟು. ಸಾವಿರ ವರ್ಷಗಳಿಗೂ ಹಿಂದಿನದು. ನಮ್ಮ ತರಗತಿಗಳಲ್ಲಿ ಒಂದೇ ಮಣೆಯ ಮೇಲೆ ಕುಳಿತು ಕನ್ನಡ ಓದುವ ಮಕ್ಕಳಲ್ಲಿ ಕೆಲವರು ಆ ಮನೆಗಳಿಂದ ಬಂದವರು. ಇಗರ್ಜಿಯ ಗಂಟೆಯನ್ನು ನಾವೆಲ್ಲರೂ ಕೇಳಿದ್ದೇವೆ. ಒಳಗಿನ ಹಾಡಿನ ಚರಿತ್ರೆಯನ್ನು ಕೇಳಿದವರು ಕಡಮೆ.

ಇಗರ್ಜಿಯ ವರ್ಷವು ಜನವರಿಯಲ್ಲಿ ತೊಡಗುವುದಿಲ್ಲ. ಕ್ರಿಸ್ತಜಯಂತಿಗೆ ಮೊದಲಿನ ನಾಲ್ಕನೆಯ ಭಾನುವಾರದಂದು, ಆಗಮನಕಾಲದೊಡನೆ ಅದು ಆರಂಭವಾಗುತ್ತದೆ. ಅನಂತರ ಜಯಂತಿಯ ಕಾಲ, ಬೂದಿ ಬುಧವಾರದಿಂದ ನಲವತ್ತು ದಿನಗಳ ತಪಸ್ಸುಕಾಲ, ಪವಿತ್ರ ವಾರ, ಪಾಸ್ಕ ಹಬ್ಬ, ಅದರಿಂದ ಐವತ್ತನೆಯ ದಿನಕ್ಕೆ ಪೆಂತೆಕೋಸ್ತ್. ಉಳಿದುದು ಸಾಮಾನ್ಯ ಕಾಲ. ಪೂಜೆಯ ಹಾಡುಗಳಲ್ಲಿ ಎರಡು ಬಗೆ. ಕೆಲವು ವರ್ಷವಿಡೀ ಒಂದೇ ಮಾತಿನವು. ಮತ್ತೆ ಕೆಲವು ದಿನದಿನಕ್ಕೆ ಬದಲಾಗುವವು. ಬದಲಾಗುವ ಹಾಡಿನ ಮೊದಲ ಪದವೇ ಕೆಲವು ಭಾನುವಾರಗಳ ಹೆಸರಾಗಿ ನಿಂತುಬಿಟ್ಟಿದೆ. ಆಗಮನಕಾಲದ ಮೂರನೆಯ ಭಾನುವಾರಕ್ಕೆ ‘ಗೌದೇತೆ’, ತಪಸ್ಸುಕಾಲದ ನಾಲ್ಕನೆಯದಕ್ಕೆ ‘ಲೆತಾರೆ’ ಎಂದು ಹೆಸರು. ಎರಡಕ್ಕೂ ‘ಸಂತೋಷಪಡು’ ಎಂಬುದೇ ಅರ್ಥ. ಭಾಷೆ ಲ್ಯಾಟಿನ್ನಾದರೂ ಅದರೊಳಗೆ ‘ಕೀರಿಯೆ ಎಲೆಯಿಸೋನ್’ ಎಂಬ ಗ್ರೀಕ್ ಮಾತೂ ‘ಅಲ್ಲೆಲೂಯ’ ಎಂಬ ಹೀಬ್ರೂ ಮಾತೂ ಹಾಗೆಯೇ ಉಳಿದುಕೊಂಡಿವೆ. ಹಾಡಿನೊಳಗೆ ಸೇರಿದ ಪದವನ್ನು ಭಾಷಾಂತರವೂ ಸುಲಭವಾಗಿ ಕದಲಿಸಲಾರದು.

ಈ ಗಾನಕ್ಕೆ ಗ್ರೆಗೊರಿಯನ್ ಗಾನವೆಂದು ಪ್ರಸಿದ್ಧಿ. 590ರಿಂದ 604ರವರೆಗೆ ಪೋಪರಾಗಿದ್ದ ಸಂತ ಗ್ರೆಗೊರಿಯ ಕಿವಿಯಲ್ಲಿ ಪಾರಿವಾಳವೊಂದು ಈ ಧಾಟಿಗಳನ್ನು ಉಸಿರಿತೆಂಬ ಕಥೆಯುಂಟು. ಹಳೆಯ ಚಿತ್ರಗಳಲ್ಲಿ ಆ ಹಕ್ಕಿಯೂ ಕಾಣುತ್ತದೆ. ಕಥೆ ರಮ್ಯವಾದುದು, ಆದರೆ ವಿದ್ವಾಂಸರ ನಿರ್ಣಯ ಬೇರೆ. 754ರಲ್ಲಿ ಎರಡನೆಯ ಸ್ತೆಫಾನ ಪೋಪರು ಫ್ರಾಂಕರ ನಾಡಿಗೆ ಹೋಗಿ ಪಿಪಿನ್ ದೊರೆಗೆ ಅಭಿಷೇಕ ಮಾಡಿದರು. ಆ ದೊರೆಯೂ ಅವನ ಮಗ ಶಾರ್ಲಮೇನನೂ ತಮ್ಮ ರಾಜ್ಯದಲ್ಲೆಲ್ಲ ರೋಮಿನ ಪೂಜಾಕ್ರಮವೇ ನಡೆಯಬೇಕೆಂದು ಹಟ ಹಿಡಿದರು. ರೋಮಿನ ಗಾನವೂ ಫ್ರಾಂಕರ ಕಂಠವೂ ಹೀಗೆ ಕೂಡಿ ಹುಟ್ಟಿದ ಹೊಸ ಸಂಪ್ರದಾಯಕ್ಕೆ ಹಳೆಯ ಮಹಾಪುರುಷನ ಹೆಸರು ಬಂದಿತು. ನಮ್ಮಲ್ಲಿಯೂ ಅಜ್ಞಾತ ಕವಿಗಳ ಪದಗಳು ದೊಡ್ಡವರ ಅಂಕಿತದಲ್ಲಿ ಸೇರಿಕೊಂಡಿಲ್ಲವೆ?

ಇಷ್ಟೊಂದು ಹಾಡುಗಳನ್ನು ನೆನಪಿನಲ್ಲಿಡುವುದೇ ಕಷ್ಟ. 9ನೆಯ ಶತಮಾನದಿಂದ ಅಕ್ಷರಗಳ ಮೇಲೆ ಸಣ್ಣ ಗೀಟುಗಳನ್ನೂ ಕೊಕ್ಕೆಗಳನ್ನೂ ಬರೆಯಲಾರಂಭಿಸಿದರು. ದನಿ ಏರಿತೋ ಇಳಿಯಿತೋ ಎಂಬುದನ್ನು ಅವು ಸೂಚಿಸುತ್ತಿದ್ದುವೇ ಹೊರತು ಎಷ್ಟು ಏರಿತೆಂದು ಹೇಳುತ್ತಿರಲಿಲ್ಲ. ಅದು ಗುರುಮುಖದಿಂದಲೇ ಬರಬೇಕಾಗಿದ್ದಿತು. ಸಂತ ಗಾಲ್ ಮಠದ ನೋಟ್ಕರ್ ಎಂಬ ಸನ್ಯಾಸಿ ಬಾಲ್ಯದಲ್ಲಿ ‘ಅಲ್ಲೆಲೂಯ’ದ ಕೊನೆಯ ಉದ್ದನೆಯ ಆಲಾಪಗಳನ್ನು ನೆನಪಿಡಲಾರದೆ ಪರದಾಡಿದನಂತೆ. ಜ್ಯೂಮಿಯೇಜ್ ಮಠದಿಂದ ಬಂದ ಸನ್ಯಾಸಿಯೊಬ್ಬನ ಪುಸ್ತಕದಲ್ಲಿ ಅಂತಹ ಆಲಾಪಕ್ಕೆ ಮಾತುಗಳನ್ನು ಜೋಡಿಸಿದ್ದುದನ್ನು ಕಂಡು, ತಾನೂ ಒಂದೊಂದು ಸ್ವರಕ್ಕೆ ಒಂದೊಂದು ಅಕ್ಷರವನ್ನಿಟ್ಟು ಪದ್ಯ ಕಟ್ಟಿದನು. ನೆನಪಿನ ಊರುಗೋಲಾಗಿ ತೊಡಗಿದ ಈ ಹವ್ಯಾಸ ‘ಸೆಕ್ವೆನ್ಸ್’ ಎಂಬ ಕಾವ್ಯಪ್ರಕಾರವಾಗಿಯೇ ಬೆಳೆಯಿತು. ಮುಂದೆ 11ನೆಯ ಶತಮಾನದಲ್ಲಿ ಅರೆತ್ಸೊ ಊರಿನ ಗುಯಿದೊ ಎಂಬ ಉಪಾಧ್ಯಾಯನು ಗೆರೆಗಳ ಮೇಲೆ ಸ್ವರವನ್ನು ಬರೆಯುವ ಕ್ರಮವನ್ನು ನೆಲೆಗೊಳಿಸಿದನು. ಸಂತ ಯೋಹಾನನ ಹಬ್ಬದ ಸ್ತೋತ್ರವೊಂದರಲ್ಲಿ ಪಾದಪಾದಕ್ಕೂ ಒಂದೊಂದು ಸ್ವರ ಏರುತ್ತ ಹೋಗುತ್ತದೆ. ಆ ಪಾದಗಳ ಮೊದಲಕ್ಷರಗಳನ್ನು ಆಯ್ದು ಉತ್, ರೆ, ಮಿ, ಫ, ಸೋಲ್, ಲ ಎಂದು ಸ್ವರಗಳಿಗೆ ಹೆಸರಿಟ್ಟನು. ಹತ್ತು ವರ್ಷದ ಕಲಿಕೆ ಒಂದೆರಡು ವರ್ಷಕ್ಕೆ ಇಳಿಯುವುದೆಂದು ಅವನ ಭರವಸೆ. ಅಧ್ಯಾಪಕರಾದ ನಮಗೆ ಈತನ ಮೇಲೆ ವಿಶೇಷ ಗೌರವ.

ಇನ್ನು ವರ್ಷವನ್ನು ಹಾಡಿನಲ್ಲಿಯೇ ಸುತ್ತಿ ಬರೋಣ. ಡಿಸೆಂಬರ 17ರಿಂದ 23ರವರೆಗೆ ಸಂಜೆಯ ಪ್ರಾರ್ಥನೆಯಲ್ಲಿ ದಿನಕ್ಕೊಂದರಂತೆ ಏಳು ಸಂಬೋಧನಗೀತೆಗಳು. ಎಲ್ಲವೂ ‘ಓ’ ಎಂದೇ ತೊಡಗುತ್ತವೆ. ಆ ಏಳು ಸಂಬೋಧನೆಗಳ ಮೊದಲಕ್ಷರಗಳನ್ನು ಕೊನೆಯಿಂದ ಮೊದಲಿಗೆ ಓದಿದರೆ ಲ್ಯಾಟಿನ್ನಿನಲ್ಲಿ ‘ಏರೊ ಕ್ರಾಸ್’, ಅಂದರೆ ‘ನಾಳೆ ನಾನಿರುವೆನು’ ಎಂದಾಗುತ್ತದೆ. ನಮ್ಮ ಚಿತ್ರಕವಿಗಳು ತಲೆದೂಗುವಂತಹ ಚಮತ್ಕಾರ! ಕ್ರಿಸ್ತಜಯಂತಿಗೆ ಮೂರು ಪೂಜೆಗಳು: ನಡುರಾತ್ರಿಯದು, ಅರುಣೋದಯದ್ದು, ಹಗಲಿನದು. ನಡುರಾತ್ರಿಯ ಪ್ರವೇಶಗೀತೆ ಕೆಲವೇ ಸ್ವರಗಳ ನಡುವೆ ಮೆಲ್ಲನೆ ಸುಳಿಯುತ್ತದೆ, ಮಗುವನ್ನು ಎಬ್ಬಿಸಬಾರದೆಂಬಂತೆ. ಹಗಲಿನ ಗೀತೆಯಾದರೊ ಆರಂಭದಲ್ಲಿಯೇ ಷಡ್ಜದಿಂದ ಪಂಚಮಕ್ಕೆ ನೆಗೆಯುವ ಬಗೆಯಲ್ಲಿ ಮೇಲಕ್ಕೆ ಹಾರುತ್ತದೆ. ಒಂದೇ ಹಬ್ಬಕ್ಕೆ ಎರಡು ಮುಖ!

ತಪಸ್ಸುಕಾಲದ ವಿಶೇಷ ಹಾಡಿನಲ್ಲಿಲ್ಲ, ಹಾಡದಿರುವುದರಲ್ಲಿದೆ. ‘ಅಲ್ಲೆಲೂಯ’ ಪೂರ್ತಿಯಾಗಿ ನಿಲ್ಲುತ್ತದೆ. ಮಧ್ಯಯುಗದ ಕೆಲವು ಇಗರ್ಜಿಗಳಲ್ಲಿ ಆ ಪದವನ್ನು ಬೀಳ್ಕೊಡುವುದಕ್ಕೇ ಒಂದು ವಿಧಿ ಇದ್ದಿತಂತೆ. ‘ಗ್ಲೋರಿಯ’ ಎಂಬ ಸ್ತುತಿಯೂ ತಪಸ್ಸುಕಾಲದ ಭಾನುವಾರಗಳಲ್ಲಿ ಇಲ್ಲ. ಆರ್ಗನ್ ವಾದ್ಯ ಹಾಡಿಗೆ ಆಸರೆಯಾಗುವಷ್ಟೇ, ತಾನಾಗಿ ನುಡಿಯದು. ಪವಿತ್ರ ಗುರುವಾರದ ಗ್ಲೋರಿಯ ಮುಗಿದೊಡನೆ ಗಂಟೆಯೂ ಮೌನ. ಮರದ ಹಲಗೆಯನ್ನು ಬಡಿದು ಜನರನ್ನು ಕರೆಯುವುದು ಹಳೆಯ ವಾಡಿಕೆ. ನಮ್ಮಲ್ಲಿ ಗಂಟೆಯನ್ನು ಕೇಳಿ ಹೊತ್ತು ತಿಳಿಯುವ ಇತರ ಮತದ ಮನೆಗಳವರಿಗೂ ಆ ಎರಡು ದಿನ ಏನೋ ಬರಿದಾದಂತೆ ತೋರುತ್ತದೆ.

ಆ ದಿನಗಳ ‘ತೆನೆಬ್ರೆ’ ಎಂಬ ಆರಾಧನೆಯಲ್ಲಿ ಹದಿನೈದು ಮೋಂಬತ್ತಿಗಳನ್ನು ಹಚ್ಚಿಟ್ಟು, ಕೀರ್ತನೆಯೊಂದು ಮುಗಿದಂತೆ ಒಂದೊಂದನ್ನು ಆರಿಸುತ್ತ ಬರುತ್ತಿದ್ದರು. ಕೊನೆಯದನ್ನು ಆರಿಸದೆ ಪೀಠದ ಹಿಂದೆ ಮರೆಮಾಡುತ್ತಿದ್ದರು. ಆಗ ಹಾಡುವ ಪ್ರಲಾಪಗಳ ಪದ್ಯಗಳು ಮೂಲದಲ್ಲಿ ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿವೆ. ಲ್ಯಾಟಿನ್ನಿಗೆ ತಿರುಗಿಸಿದಾಗ ಆ ಕ್ರಮ ಉಳಿಯುವಂತಿರಲಿಲ್ಲ. ಆದುದರಿಂದ ‘ಆಲೆಫ್’, ‘ಬೇತ್’ ಎಂದು ಅಕ್ಷರದ ಹೆಸರನ್ನೇ ಪದ್ಯದ ಮೊದಲು ರಾಗವಾಗಿ ಹಾಡಿದರು. ಬರಿಯ ಒಂದು ಅಕ್ಷರದ ಮೇಲೆ ಇಷ್ಟು ಕರುಣರಸವನ್ನು ಸುರಿಸಬಹುದೆಂದು ಕೇಳದವರು ನಂಬಲಾರರು. ರೋಮಿನ ಸಿಸ್ಟೈನ್ ಮಂದಿರದಲ್ಲಿ ಇದೇ ವಾರ ಹಾಡುತ್ತಿದ್ದ ಅಲ್ಲೇಗ್ರಿಯ ‘ಮಿಸೆರೆರೆ’ಯನ್ನು 1770ರಲ್ಲಿ 14 ವರ್ಷದ ಬಾಲಕ ಮೋತ್ಸಾರ್ಟನು ಕೇಳಿ, ನೆನಪಿನಿಂದಲೇ ಬರೆದನೆಂದು ಅವನ ತಂದೆಯ ಕಾಗದದಲ್ಲಿದೆ. ಏಕಸಂಧಿಗ್ರಾಹಿಗಳು ಎಲ್ಲ ದೇಶಗಳಲ್ಲಿಯೂ ಹುಟ್ಟುತ್ತಾರೆ.

ಪಾಸ್ಕದ ಹಿಂದಿನ ರಾತ್ರಿ ಕತ್ತಲೆಯ ಇಗರ್ಜಿಗೆ ಹೊಸ ಬೆಂಕಿಯಿಂದ ಹಚ್ಚಿದ ದೊಡ್ಡ ಮೋಂಬತ್ತಿ ಬರುತ್ತದೆ. ಅದರ ಮುಂದೆ ಉಪಯಾಜಕನು ಹಾಡುವ ದೀರ್ಘ ಸ್ತುತಿಗೆ ‘ಎಕ್ಸುಲ್ತೇತ್’ ಎಂದು ಹೆಸರು. ಮೇಣವನ್ನಿತ್ತ ಜೇನುನೊಣಗಳನ್ನೂ ಅದರಲ್ಲಿ ಮರೆಯದೆ ನೆನೆದಿದ್ದಾರೆ. ದಕ್ಷಿಣ ಇಟಲಿಯಲ್ಲಿ 10ರಿಂದ 13ನೆಯ ಶತಮಾನದವರೆಗೆ ಈ ಸ್ತುತಿಯನ್ನು ಉದ್ದನೆಯ ಚರ್ಮದ ಸುರುಳಿಗಳಲ್ಲಿ ಬರೆಯುತ್ತಿದ್ದರು. ಅಕ್ಷರಗಳು ಹಾಡುವವನ ಕಡೆಗೆ, ಚಿತ್ರಗಳು ಅದಕ್ಕೆ ತಲೆಕೆಳಗಾಗಿ. ಹಾಡುತ್ತ ಹಾಡುತ್ತ ಸುರುಳಿಯನ್ನು ಎತ್ತರದ ಪೀಠದಿಂದ ಇಳಿಬಿಟ್ಟಂತೆ, ಲ್ಯಾಟಿನ್ ಅರಿಯದ ಜನಕ್ಕೆ ಚಿತ್ರಗಳು ನೇರವಾಗಿ ಕಾಣುತ್ತಿದ್ದುವು. ಮಾತು ತಿಳಿಯದವನ ಚಿಂತೆ ಅಂದಿನವರಿಗೂ ಇದ್ದಿತು.

16ನೆಯ ಶತಮಾನದ ತ್ರೆಂತ್ ಮಹಾಸಭೆಯ ತರುವಾಯ ಶುದ್ಧೀಕರಣ ನಡೆಯಿತು. ನೋಟ್ಕರನ ಮಾರ್ಗದಲ್ಲಿ ಬೆಳೆದಿದ್ದ ಅಸಂಖ್ಯ ಸೆಕ್ವೆನ್ಸುಗಳಲ್ಲಿ 1570ರ ಪೂಜಾಗ್ರಂಥವು ನಾಲ್ಕನ್ನು ಮಾತ್ರ ಉಳಿಸಿತು. ವ್ಯಾಕುಲಮಾತೆಯ ‘ಸ್ತಾಬತ್ ಮಾತೆರ್’ 1727ರಲ್ಲಿ ಐದನೆಯದಾಗಿ ಸೇರಿತು. 1614–15ರಲ್ಲಿ ರೋಮಿನಲ್ಲಿ ಅಚ್ಚಾದ ಗಾನಗ್ರಂಥವಂತೂ ಹಳೆಯ ಆಲಾಪಗಳನ್ನೆಲ್ಲ ಕತ್ತರಿಸಿಹಾಕಿತು. ಗಾನ ಬಡವಾಯಿತು. ಅದನ್ನು ಮತ್ತೆ ಎತ್ತಿದವರು ಫ್ರಾನ್ಸಿನ ಸೊಲೆಮ್ ಮಠದವರು. 1833ರಲ್ಲಿ ಗೆರಾಂಜೆ ಎಂಬವರು ಆ ಪಾಳು ಮಠಕ್ಕೆ ಮರಳಿ ಜೀವ ಕೊಟ್ಟರು. ಅವರ ಶಿಷ್ಯಪರಂಪರೆ ಯುರೋಪಿನ ಗ್ರಂಥಭಂಡಾರಗಳಿಂದ ಹಳೆಯ ಹಸ್ತಪ್ರತಿಗಳನ್ನು ಕೂಡಿಸಿ ಪಾಠಾಂತರಗಳನ್ನು ಹೋಲಿಸಿತು. ಒಂದೇ ಒಂದು ಹಾಡಿನ ಇನ್ನೂರಕ್ಕೂ ಮಿಕ್ಕ ಪ್ರತಿಗಳನ್ನು ಅವರು ಛಾಯಾಚಿತ್ರಗಳಾಗಿ ಅಚ್ಚುಮಾಡಿದರು. ಓಲೆಗರಿಯ ಪ್ರತಿಗಳೊಡನೆ ಹೆಣಗಿದ ನಮ್ಮ ಗ್ರಂಥಸಂಪಾದಕರ ಶ್ರಮವನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. 1903ರ ನವೆಂಬರ 22ರಂದು ಹತ್ತನೆಯ ಪಿಯೂಸ್ ಪೋಪರು ಈ ಗಾನವೇ ಆದರ್ಶವೆಂದು ಸಾರಿದರು. 1908ರಲ್ಲಿ ಪರಿಷ್ಕೃತ ಗ್ರಂಥ ಹೊರಬಂದಿತು.

ಅದಾಗಿ ಅರುವತ್ತು ವರ್ಷ ತುಂಬುವುದರೊಳಗೆ ಮತ್ತೊಂದು ತಿರುವು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ 4ರಂದು ಆರಾಧನೆಯಲ್ಲಿ ಜನಭಾಷೆಗೆ ಬಾಗಿಲು ತೆರೆಯಿತು. ಅದೇ ಶಾಸನ ಗ್ರೆಗೊರಿಯನ್ ಗಾನಕ್ಕೆ ಅಗ್ರಸ್ಥಾನವೆಂದೂ ಹೇಳಿತು. ನಡೆದುದು ಮೊದಲನೆಯದು, ಎರಡನೆಯದು ಬಹುಮಟ್ಟಿಗೆ ಕಾಗದದಲ್ಲಿ ಉಳಿಯಿತು. ಅರ್ಥವಾಗದ ಸವಿಯನ್ನು ಬಿಟ್ಟುಕೊಟ್ಟು ಅರ್ಥವಾಗುವ ಮಾತನ್ನು ಪಡೆದುದು ಲಾಭವೋ ನಷ್ಟವೋ? ತಾಯಿನುಡಿಯಲ್ಲಿ ಪ್ರಾರ್ಥಿಸುವ ಹಕ್ಕಿನ ಬೆಲೆಯನ್ನು ಗಡಿನಾಡಿಗರಾದ ನಾವು ಚೆನ್ನಾಗಿ ಬಲ್ಲೆವು. ಆದುದರಿಂದ ಲಾಭವೆಂದೇ ನಮ್ಮ ಮತ. ಆದರೆ ಆ ನಡುರಾತ್ರಿಯ ಗೀತೆಯನ್ನು ಕೇಳಿದ ಕಿವಿ ಅಷ್ಟು ಸುಲಭವಾಗಿ ಒಪ್ಪುವುದಿಲ್ಲವೆಂಬುದನ್ನೂ ಮುಚ್ಚಿಡಲಾರೆವು.

ನಮ್ಮ ಕರಾವಳಿಯಲ್ಲಿ ದೇಶಭಾಷೆಯ ಹಾಡು ಮಹಾಸಭೆಯನ್ನು ಕಾದು ಕುಳಿತಿರಲಿಲ್ಲ. ಆಂಗ್ಲ ಜೆಸುಯಿತ ತೋಮಸ್ ಸ್ಟೀಫನ್ಸರ ‘ಕ್ರಿಸ್ತಪುರಾಣ’ ಗೋವೆಯ ರಾಶೋಲಿನಲ್ಲಿ 1616ರಲ್ಲಿಯೇ ಅಚ್ಚಾಯಿತು. ಸುಮಾರು 11,000 ಓವಿಗಳ ಆ ಕಾವ್ಯವನ್ನು 1907ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಮತ್ತೆ ಅಚ್ಚುಮಾಡಿದರು. ತೆಂಕಣ ಮಲೆಯಾಳದಲ್ಲಿ, 1732ರಲ್ಲಿ ತೀರಿಕೊಂಡ ಅರ್ಣೋಸ್ ಪಾದ್ರಿಯವರ ‘ಪುತ್ತನ್ ಪಾನ’ವನ್ನು ಪವಿತ್ರ ವಾರದಲ್ಲಿ ಮನೆಮನೆಗಳಲ್ಲಿ ಹಾಡುವ ಸಂಪ್ರದಾಯವಿದೆ. ಈ ಪಾದ್ರಿ ಸಂಸ್ಕೃತ ವ್ಯಾಕರಣವನ್ನೂ ಬರೆದ ಜರ್ಮನ್ ಪಂಡಿತರು. ಕಾಸರಗೋಡು ಜಿಲ್ಲೆಯಲ್ಲಿ ಈ ಎರಡು ಧಾರೆಗಳೂ ಕೂಡುತ್ತವೆ. ಮಲೆಯ ಕಡೆ ತೆಂಕಣಿಂದ ಬಂದು ನೆಲಸಿದ ಸುರಿಯಾನಿ ಸಂಪ್ರದಾಯದವರಿಗೆ ಮಲೆಯಾಳದ ಪೂಜೆ. 1962ರವರೆಗೆ ಅದು ಸುರಿಯಾನಿ ಭಾಷೆಯಲ್ಲಿಯೇ ಇದ್ದಿತು. ಇತ್ತ ಬೇಳ, ಮಂಜೇಶ್ವರಗಳ ಕಡೆ ಕೊಂಕಣಿಯ ಮನೆಗಳು. 1956ರ ನವೆಂಬರ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದರೂ ಈ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತದಲ್ಲಿಯೇ ಉಳಿದುವು.

1890ರಲ್ಲಿ ಸ್ಥಾಪನೆಗೊಂಡ ಬೇಳದ ಇಗರ್ಜಿ ವ್ಯಾಕುಲಮಾತೆಯ ಹೆಸರಿನದು. ಆಕೆಯ ಹಬ್ಬ ಸೆಪ್ಟೆಂಬರ 15ಕ್ಕೆ. ಅದಕ್ಕೆ ಒಂದು ವಾರ ಮೊದಲು, 8ರಂದು, ಮೊಂತಿ ಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು, ಹಾಡುತ್ತ ಮರಿಯಮ್ಮನ ಮೂರ್ತಿಗೆ ಎರಚುತ್ತಾರೆ. ಹಬ್ಬದಂದು ಹೊಸ ತೆನೆಗೆ ಆಶೀರ್ವಾದ, ಮನೆಗಳಲ್ಲಿ ಹೊಸ ಅಕ್ಕಿಯ ಊಟ. ನಮ್ಮ ತೆನೆಹಬ್ಬಕ್ಕೂ ಇದಕ್ಕೂ ಇರುವ ದೂರ ಒಂದು ಗದ್ದೆಯ ಬದುವಿನಷ್ಟು.

ಆ ಹಾಡುಗಳ ಭಾಷೆ ಕೊಂಕಣಿ, ಲಿಪಿ ಕನ್ನಡ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಪುಸ್ತಕಗಳೂ, 1938ರಲ್ಲಿ ಹುಟ್ಟಿದ ‘ರಾಕ್ಣೊ’ ವಾರಪತ್ರಿಕೆಯೂ ಕನ್ನಡ ಅಕ್ಷರಗಳಲ್ಲಿಯೇ ನಡೆದುಬಂದಿವೆ. ಆದುದರಿಂದ ಇಲ್ಲಿಯ ಕನ್ನಡ ಶಾಲೆಯ ತರಗತಿಯೊಂದು ಮುಚ್ಚಿತೆಂದರೆ ನಷ್ಟ ಕನ್ನಡ ಮಾತಿನ ಮನೆಗಳಿಗೆ ಮಾತ್ರವಲ್ಲ. ಆ ಮಕ್ಕಳ ಕೈಯ ಹಾಡಿನ ಪುಸ್ತಕವೂ ಮುಚ್ಚಿದಂತೆಯೇ. ಕೆಲವು ವರ್ಷಗಳ ಹಿಂದೆ ಸೆಪ್ಟೆಂಬರಿನ ಮೊದಲ ವಾರ ನಮ್ಮ ತರಗತಿಯ ಹುಡುಗಿಯೊಬ್ಬಳು ಬಿಡುವಿನ ವೇಳೆ ಏನನ್ನೋ ನಕಲು ಮಾಡುತ್ತಿದ್ದಳು. ನೋಡಿದರೆ ಮೊಂತಿ ಹಬ್ಬದ ಹಾಡು. ಬೇರೆ ಶಾಲೆಯಲ್ಲಿ ಮಲೆಯಾಳ ಮಾಧ್ಯಮದಲ್ಲಿ ಓದುವ ಚಿಕ್ಕಪ್ಪನ ಮಗನಿಗೆ ಪುಸ್ತಕ ಓದಲು ಬಾರದು. ಅವನಿಗಾಗಿ ಕೊಂಕಣಿಯ ಸಾಲುಗಳನ್ನು ಮಲೆಯಾಳದ ಅಕ್ಷರಗಳಿಗೆ ಇಳಿಸುತ್ತಿದ್ದಳು. ಅವಳ ಎಡಗೈಯ ಕೆಳಗೆ ಕನ್ನಡದ ಪುಸ್ತಕ, ಬಲಗೈಯಲ್ಲಿ ಮಲೆಯಾಳದ ಚೀಟಿ. ಪಾಠದ ಗಂಟೆ ಬಾರಿಸಿತು. ಎರಡು ಚರಣ ಇನ್ನೂ ಉಳಿದಿದ್ದುವು. ಮುಗಿಸೆಂದು ಹೇಳಿ ನಾವು ಹಳಗನ್ನಡದ ಪದ್ಯವನ್ನು ಸ್ವಲ್ಪ ತಡವಾಗಿಯೇ ತೊಡಗಿದೆವು.