ಓಟದ ನಡುವಣ ವಿರಾಮ

ಹೊಟ್ಟೆ ಬಂದವರಿಗೆಲ್ಲ ಈಗ ಒಂದು ಹೊಸ ಮಂತ್ರೋಪದೇಶವಾಗುತ್ತಿದೆ. ಗಂಟೆಗಟ್ಟಲೆ ನಡೆಯುವುದು ವ್ಯರ್ಥ. ಉಸಿರು ಕಟ್ಟುವಂತೆ ಅರೆ ನಿಮಿಷ ಓಡಿ, ಒಂದಿಷ್ಟು ನಿಂತು, ಮತ್ತೆ ಓಡಿದರೆ ಸಾಕು, ಕೊಬ್ಬು ತಾನೇ ಕರಗುತ್ತದೆ ಎಂಬುದು ಅದರ ಸಾರ. ‘ಹೈ ಇಂಟೆನ್ಸಿಟಿ ಇಂಟರ್ವಲ್ ಟ್ರೈನಿಂಗ್’ ಎಂದು ಇದರ ಹೆಸರು. ಇದನ್ನು ನಂಬಿ ಸಂಜೆಯ ನಡಿಗೆಯನ್ನು ಬಿಟ್ಟ ಮಿತ್ರರು ನನಗಿದ್ದಾರೆ. ತಿಂಗಳೊಳಗೆ ಓಟವೂ ನಿಂತಿತು. ನಡಿಗೆಯಂತೂ ಮೊದಲೇ ಹೋಗಿತ್ತು. ನಾನು ವೈದ್ಯನಲ್ಲ, ಕನ್ನಡದ ಮೇಷ್ಟರು. ಆದರೂ ಒಂದು ಮಾತಿನ ಬೆಲೆ ತಿಳಿಯಬೇಕಾದರೆ ಅದು ಹುಟ್ಟಿದ ಸಂದರ್ಭವನ್ನು ಹುಡುಕಬೇಕೆಂಬುದು ನಮ್ಮ ಕಸುಬು ಕಲಿಸಿದ ಪಾಠ.

ಈ ಪದ್ಧತಿಗೆ ಶಾಸ್ತ್ರದ ರೂಪ ಬಂದದ್ದು ೧೯೩೦ರ ದಶಕದ ಜರ್ಮನಿಯಲ್ಲಿ. ಓಟಗಾರರ ಶಿಕ್ಷಕ ವೋಲ್ಡೆಮಾರ್ ಗೆರ್ಷ್ಲರ್, ಹೃದಯತಜ್ಞ ಹರ್ಬರ್ಟ್ ರೈಂಡೆಲ್ ಇಬ್ಬರೂ ಸೇರಿ ಇದನ್ನು ರೂಪಿಸಿದರು. ನೂರಿನ್ನೂರು ಮೀಟರು ಓಡಿ ನಾಡಿಯ ಬಡಿತವನ್ನು ನಿಮಿಷಕ್ಕೆ ೧೮೦ರ ಹತ್ತಿರ ಏರಿಸುವುದು. ಅದು ೧೨೦ಕ್ಕೆ ಇಳಿಯುವತನಕ ವಿಶ್ರಾಂತಿ. ಆಮೇಲೆ ಮತ್ತೊಂದು ಓಟ. ೯೦ ಸೆಕೆಂಡಿನೊಳಗೆ ನಾಡಿ ಇಳಿಯದಿದ್ದರೆ ಓಟದ ಬಿರುಸು ಹೆಚ್ಚಾಯಿತೆಂದು ತಿಳಿಯಬೇಕು. ಹೃದಯ ಬಲಿಯುವುದು ಓಟದಲ್ಲಿ ಅಲ್ಲ, ನಡುವಣ ವಿರಾಮದಲ್ಲಿ ಎಂದು ಅವರು ನಂಬಿದ್ದರು. ಆದಕಾರಣವೇ ಪದ್ಧತಿಗೆ ಓಟದ ಹೆಸರು ಬರದೆ ವಿರಾಮದ ಹೆಸರು ಬಂತು.

ಗೆರ್ಷ್ಲರ್‌ನ ಶಿಷ್ಯ ರುಡಾಲ್ಫ್ ಹಾರ್ಬಿಗ್ ೧೯೩೯ರ ಜುಲೈ ೧೫ರಂದು ಮಿಲಾನ್ ನಗರದಲ್ಲಿ ೮೦೦ ಮೀಟರನ್ನು ೧ ನಿಮಿಷ ೪೬.೬ ಸೆಕೆಂಡಿನಲ್ಲಿ ಓಡಿದ. ಆ ದಾಖಲೆಯನ್ನು ೧೯೫೫ರವರೆಗೆ ಯಾರೂ ಮುರಿಯಲಿಲ್ಲ. ಅದನ್ನು ನೋಡಲು ಹಾರ್ಬಿಗ್ ಉಳಿದಿರಲಿಲ್ಲ. ೧೯೪೪ರಲ್ಲಿ ಯುದ್ಧಕ್ಕೆ ಆಹುತಿಯಾಗಿದ್ದ. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ೫,೦೦೦ ಮೀಟರು, ೧೦,೦೦೦ ಮೀಟರು, ಮ್ಯಾರಥಾನ್ ಮೂರನ್ನೂ ಗೆದ್ದ ಜೆಕ್ ವೀರ ಎಮಿಲ್ ಜಾಟೊಪೆಕ್ ಕೂಡ ಹೀಗೆಯೇ ಬಿಟ್ಟು ಬಿಟ್ಟು ಓಡಿ ಪಳಗಿದವನು. ಇವರಲ್ಲಿ ಯಾರಿಗೂ ಕರಗಿಸಬೇಕಾದ ಹೊಟ್ಟೆ ಇರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಹಾಗಾದರೆ ಕೊಬ್ಬಿನ ಮಾತು ಬಂದದ್ದೆಲ್ಲಿಂದ? ೧೯೯೪ರಲ್ಲಿ ಕೆನಡಾದ ಲವಾಲ್ ವಿಶ್ವವಿದ್ಯಾನಿಲಯದ ಆಂಜೆಲೊ ಟ್ರೆಂಬ್ಲೆ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ತಂಡಕ್ಕೆ ೨೦ ವಾರ ಸಮಗತಿಯ ವ್ಯಾಯಾಮ, ಇನ್ನೊಂದಕ್ಕೆ ೧೫ ವಾರ ಬಿರುಸಿನ ವ್ಯಾಯಾಮ. ಎರಡನೆಯವರು ವ್ಯಯಿಸಿದ ಶಕ್ತಿ ಅರ್ಧಕ್ಕಿಂತ ಕಡಿಮೆ. ಆದರೂ ಅವರ ಚರ್ಮದ ಮಡಿಕೆಯ ದಪ್ಪವೇ ಹೆಚ್ಚು ಇಳಿಯಿತು. ಆದರೆ ಎರಡು ತಂಡಗಳೂ ಕೂಡಿ ಇದ್ದವರು ೨೭ ಮಂದಿ ಮಾತ್ರ. ೧೯೯೬ರಲ್ಲಿ ಜಪಾನಿನ ಇಜುಮಿ ತಬಾಟ ಪ್ರಕಟಿಸಿದ ಪ್ರಯೋಗ ಇನ್ನೂ ಪ್ರಸಿದ್ಧವಾಯಿತು: ೨೦ ಸೆಕೆಂಡು ಸೈಕಲ್ ತುಳಿತ, ೧೦ ಸೆಕೆಂಡು ವಿರಾಮ, ಹೀಗೆ ಏಳೆಂಟು ಸಲ. ಅಲ್ಲಿ ಅಳೆದದ್ದು ದೇಹ ಆಮ್ಲಜನಕವನ್ನು ಬಳಸುವ ಶಕ್ತಿ ಮೊದಲಾದುವನ್ನು, ಕೊಬ್ಬನ್ನಲ್ಲ. ತುಳಿದವರೋ ಕಸರತ್ತಿನಲ್ಲಿ ಪಳಗಿದ ತರುಣರು. ‘ನಾಲ್ಕು ನಿಮಿಷದಲ್ಲಿ ಕೊಬ್ಬು ಮಾಯ’ ಎಂಬುದು ಜಾಹೀರಾತಿನವರು ಸೇರಿಸಿದ ಪ್ರಕ್ಷಿಪ್ತ ಭಾಗ.

ಮುಂದೆ ಪ್ರಯೋಗಗಳು ಹೆಚ್ಚಿದಂತೆ ಚಿತ್ರ ತಿಳಿಯಾಯಿತು. ೨೦೧೭ರಲ್ಲಿ ಬಂದ ಒಂದು ಸಮೀಕ್ಷೆ ಹೆಚ್ಚು ತೂಕದವರ ಮೇಲೆ ನಡೆದ ೧೩ ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿತು. ಕೊಬ್ಬು ಇಳಿದದ್ದು, ಸೊಂಟದ ಸುತ್ತಳತೆ ತಗ್ಗಿದ್ದು ಎರಡು ಬಗೆಯ ವ್ಯಾಯಾಮದಲ್ಲೂ ಸರಿಸುಮಾರು ಒಂದೇ. ಬಿರುಸಿನದಕ್ಕೆ ಹಿಡಿದ ಕಾಲ ಮಾತ್ರ ಶೇಕಡಾ ೪೦ರಷ್ಟು ಕಡಿಮೆ. ವ್ಯಾಯಾಮ ಮುಗಿದ ಮೇಲೂ ದೇಹ ಕೊಬ್ಬನ್ನು ಉರಿಸುತ್ತಲೇ ಇರುತ್ತದೆ ಎನ್ನುತ್ತಾರಲ್ಲ, ಅದು ಸುಳ್ಳಲ್ಲ. ಆದರೆ ವ್ಯಾಯಾಮದ ಖರ್ಚಿನೆದುರಿಗೆ ಅದು ಚಿಲ್ಲರೆ ಹಣ. ಊಟದ ಎಲೆಯ ಮುಂದೆ ಕುಳಿತಾಗ ಮಾಡುವ ಲೆಕ್ಕವನ್ನು ಅದು ತಪ್ಪಿಸದು.

ಆದ್ದರಿಂದ ಈ ಪದ್ಧತಿ ಕೊಡುವ ನಿಜವಾದ ಲಾಭ ಸಮಯದ ಉಳಿತಾಯ. ಬಸ್ಸಿನಲ್ಲೂ ಕಛೇರಿಯಲ್ಲೂ ದಿನ ಕಳೆಯುವ ಗೃಹಸ್ಥನಿಗೆ ಅದೇನೂ ಸಣ್ಣದಲ್ಲ. ಬೇಕಾದವರು ವೈದ್ಯರನ್ನು ಕೇಳಿ, ಮೆಲ್ಲಗೆ ಮೊದಲುಮಾಡಲಿ. ನಲವತ್ತು ದಾಟಿ ಕುರ್ಚಿಗೆ ಒಗ್ಗಿದ ಹೃದಯವನ್ನು ಏಕಾಏಕಿ ಚಾವಟಿಯಿಂದ ಹೊಡೆಯಬಾರದು. ಓಟ ಒಗ್ಗದವರು ತಮ್ಮ ಸಂಜೆಯ ನಡಿಗೆಯನ್ನು ಯಾರ ಮಾತಿಗೂ ಬಿಡಬೇಕಾಗಿಲ್ಲ. ಅದು ಸೋತಿತೆಂದು ಯಾವ ಪ್ರಯೋಗಶಾಲೆಯೂ ತೀರ್ಪು ಕೊಟ್ಟಿಲ್ಲ. ಬಿರುಸನ್ನೇ ಬೋಧಿಸುವ ಇಂದಿನ ಗುರುಗಳು ಗೆರ್ಷ್ಲರ್‌ನ ಆ ೯೦ ಸೆಕೆಂಡುಗಳನ್ನಾದರೂ ನೆನಪಿಟ್ಟರೆ ಒಳಿತು.