ಬೆಂಗಳೂರು ದಂಡು ಮತ್ತು ಪೂರ್ವ ಭಾಗಕ್ಕೆ ಸಂಸಾರ ಸಾಗಿಸುವ ಮೊದಲು ನೋಡಿಕೊಂಡು ಬರಬೇಕಾದದ್ದು

ಕಾರ್ಕಳ, ಮೂಡುಬಿದಿರೆ, ಹಾಸನ, ಧಾರವಾಡ, ಬೆಳಗಾವಿ ಕಡೆಯ ಜೈನ ಮನೆಗಳಲ್ಲಿ ಮಕ್ಕಳಿಗೆ ವೈಟ್‌ಫೀಲ್ಡ್ ಅಥವಾ ಹೊರವರ್ತುಲ ರಸ್ತೆಯ ಕಂಪನಿಗಳಲ್ಲಿ ಕೆಲಸ ಸಿಕ್ಕಿ ಒಂದೆರಡು ವರ್ಷವಾದ ಮೇಲೆ ಒಂದು ಮಾತು ಬಂದೇ ಬರುತ್ತದೆ: ಎಲ್ಲರೂ ಅಲ್ಲಿಗೇ ಹೋಗಿಬಿಡೋಣವೇ? ಮಗ ಮೊಬೈಲಿನಲ್ಲಿ ನಾಲ್ಕು ಫ್ಲ್ಯಾಟ್ ನೋಡಿ ಒಂದಕ್ಕೆ ಅಡ್ವಾನ್ಸ್ ಕೊಡುತ್ತಾನೆ. ತಂದೆ ತಾಯಿ ಸಾಮಾನಿನ ಲಾರಿಯ ಹಿಂದೆಯೇ ಬಂದು ಇಳಿಯುತ್ತಾರೆ. ಮನೆಯೇನೋ ಚೆನ್ನಾಗಿಯೇ ಇರುತ್ತದೆ. ತೊಂದರೆ ಗೊತ್ತಾಗುವುದು ಮೊದಲ ದಿನ ಸಂಜೆ ಐದೂವರೆಗೆ, ಮಗ ಸೊಸೆ ಇನ್ನೂ ಆಫೀಸಿನಲ್ಲಿರುವಾಗ, ಅಜ್ಜ ಅಜ್ಜಿ ಮಾತ್ರ ಊಟಕ್ಕೆ ಕೂತಾಗ.

ಆದ್ದರಿಂದ ಲಾರಿ ಗೊತ್ತು ಮಾಡುವ ಮೊದಲು ಮನೆಯ ಹಿರಿಯರೊಬ್ಬರು ಒಂದು ವಾರವಾದರೂ ಆ ಬಡಾವಣೆಯಲ್ಲೇ ಉಳಿದು ನೋಡಿ ಬರುವುದು ಒಳ್ಳೆಯದು. ಭಾನುವಾರ ಬಂದು ಸೋಮವಾರ ಹೋಗುವ ಪರಿಶೀಲನೆಯಿಂದ ಪ್ರಯೋಜನವಿಲ್ಲ. ಭಾನುವಾರದ ಬೆಂಗಳೂರು ಬೇರೆ, ಬುಧವಾರದ ಬೆಂಗಳೂರು ಬೇರೆ. ಮನೆಯ ಹೆಂಗಸರು ಜೊತೆಗಿರಲೇಬೇಕು. ಅಡುಗೆಮನೆ, ನೀರು, ಪಕ್ಕದ ಮನೆ ಇವು ಮೂರನ್ನು ಗಂಡಸರು ನೋಡಿದರೂ ನೋಡಿದಂತಾಗುವುದಿಲ್ಲ.

ಮೊದಲು ಸೂರ್ಯನ ಲೆಕ್ಕ

ರಾತ್ರಿ ಭೋಜನ ತ್ಯಾಗ ಇರುವ ಮನೆಗೆ ಬಾಡಿಗೆಗಿಂತ ಮುಖ್ಯ ಲೆಕ್ಕ ಸೂರ್ಯಾಸ್ತದ್ದು. ಬೆಂಗಳೂರಿನಲ್ಲಿ ನವೆಂಬರ್ ಕೊನೆಗೆ ಸುಮಾರು 5 ಗಂಟೆ 50 ನಿಮಿಷಕ್ಕೆ ಸೂರ್ಯ ಮುಳುಗುತ್ತಾನೆ. ಜುಲೈ ಮೊದಲ ವಾರದಲ್ಲಿ ಸುಮಾರು 6 ಗಂಟೆ 50 ನಿಮಿಷಕ್ಕೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ಮೊದಲೇ ಊಟ ಮುಗಿಸುವ ನಿಯಮವಿದ್ದರೆ ನವೆಂಬರಿನಲ್ಲಿ ಐದು ಗಂಟೆಗೇ ಕೈ ತೊಳೆಯಬೇಕು. ಕರಾವಳಿಯವರು ಇನ್ನೊಂದು ವಿಷಯ ಗಮನಿಸಬೇಕು. ಬೆಂಗಳೂರು ಮಂಗಳೂರಿಗಿಂತ ಪೂರ್ವಕ್ಕಿರುವುದರಿಂದ ಇಲ್ಲಿ ಸೂರ್ಯ ಸುಮಾರು 11 ನಿಮಿಷ ಮೊದಲೇ ಮುಳುಗುತ್ತಾನೆ. ಊರಿನ ಪಂಚಾಂಗದ ಸಮಯ ಇಟ್ಟುಕೊಂಡು ಊಟಕ್ಕೆ ಕೂತರೆ ಇಲ್ಲಿ ನಿಯಮ ತಪ್ಪುತ್ತದೆ.

ಕೆಲಸಕ್ಕೆ ಹೋಗುವವರು ಆ ಹೊತ್ತಿಗೆ ಮನೆ ಸೇರುವುದು ಹೆಚ್ಚಿನ ದಿನ ಆಗದ ಮಾತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಮೊದಲೇ ಕೂತು ಮಾತಾಡಿಕೊಳ್ಳಬೇಕು. ಬೆಳಿಗ್ಗೆಯೇ ಎರಡು ಡಬ್ಬಿ ಕಟ್ಟಿ ಎರಡನೆಯದನ್ನು ಐದು ಗಂಟೆಗೆ ಆಫೀಸಿನಲ್ಲೇ ಮುಗಿಸುವವರು ಅನೇಕರಿದ್ದಾರೆ. ಬೇಗ ಹೋಗಿ ಬೇಗ ಬರುವ ಪಾಳಿ ಕೇಳಿ ಪಡೆದವರೂ ಇದ್ದಾರೆ. ನೋಡಲು ಬಂದ ವಾರದಲ್ಲಿ ಮಗನ ಜೊತೆ ಒಂದು ದಿನ ಬೆಳಿಗ್ಗೆ ಅವನ ಆಫೀಸಿನ ಗೇಟಿನವರೆಗೆ ಹೋಗಿ, ಸಂಜೆ ಅದೇ ದಾರಿಯಲ್ಲಿ ಅವನ ಜೊತೆಗೇ ಬಂದರೆ ಅವನ ಕಷ್ಟ ತಂದೆಗೂ ಅರ್ಥವಾಗುತ್ತದೆ. ಎಷ್ಟೋ ಮನೆಗಳ ಜಗಳ ಅಲ್ಲಿಗೇ ನಿಲ್ಲುತ್ತದೆ.

ನೀರು

2024ರ ಬೇಸಿಗೆಯಲ್ಲಿ ಬೆಂಗಳೂರಿನ ಪೂರ್ವದ ಹೊರಭಾಗದಲ್ಲಿ ಕೊಳವೆಬಾವಿಗಳು ಬತ್ತಿ, ಅಪಾರ್ಟ್‌ಮೆಂಟುಗಳು ಟ್ಯಾಂಕರಿಗೆ ಸಾಲು ನಿಂತದ್ದು ಎಲ್ಲರಿಗೂ ನೆನಪಿದೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರ್ 16ರಂದು ಚಾಲನೆಗೊಂಡಿತು. ಆದರೆ ಯೋಜನೆ ಚಾಲನೆಗೊಂಡಿತು ಎನ್ನುವುದಕ್ಕೂ ಈ ಮನೆಯ ಸಂಪಿಗೆ ನೀರು ಬೀಳುತ್ತದೆ ಎನ್ನುವುದಕ್ಕೂ ವ್ಯತ್ಯಾಸವಿದೆ. ಮನೆ ಮಾಲೀಕರನ್ನು ಕೇಳುವುದಕ್ಕಿಂತ ಪಕ್ಕದ ಮನೆಯವರನ್ನು, ಕಾವಲುಗಾರನನ್ನು ಕೇಳುವುದು ಲೇಸು: ಕಾವೇರಿ ಸಂಪರ್ಕ ಇದೆಯೇ, ವಾರದಲ್ಲಿ ಯಾವ ದಿನ ಬರುತ್ತದೆ, ಎಷ್ಟು ಹೊತ್ತು, ಏಪ್ರಿಲ್‌ನಲ್ಲಿ ಏನು ಮಾಡುತ್ತೀರಿ?

ಜೈನ ಮನೆಗೆ ಇದು ಖರ್ಚಿನ ಪ್ರಶ್ನೆ ಮಾತ್ರವಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ, ಸೋಸಿದ್ದನ್ನು ಅದೇ ಮೂಲಕ್ಕೆ ಬಿಡಬೇಕೆಂಬ ನಿಯಮ ಪಾಲಿಸುವ ಹಿರಿಯರಿಗೆ ಎಲ್ಲಿಂದ ಬಂತೆಂದೇ ತಿಳಿಯದ ಟ್ಯಾಂಕರ್ ನೀರು ದೊಡ್ಡ ಸಂಕಟ. ದಿಗಂಬರ ಮುನಿಗಳ ಆಹಾರಕ್ಕೆ ಬಾವಿಯ ನೀರು ಬೇಕು. ವರ್ಷಕ್ಕೊಮ್ಮೆಯಾದರೂ ಚೌಕ ಹಾಕುವ ಆಸೆಯಿರುವ ಕುಟುಂಬ ಹತ್ತಿರದಲ್ಲಿ ಎಲ್ಲಿ ತೆರೆದ ಬಾವಿ ಇದೆ, ಅಲ್ಲಿಂದ ನೀರು ಸೇದಲು ಯಾರು ಒಪ್ಪುತ್ತಾರೆ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಊರಿನಲ್ಲಿ ಹಿತ್ತಿಲ ಬಾವಿ ಇದ್ದವರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ.

ನೋಡಲು ಬರುವುದಾದರೆ ಮಳೆಗಾಲ ಒಳ್ಳೆಯದು. ಬೇಸಿಗೆಯ ನೀರಿನ ಕಥೆಯನ್ನು ಬಾಯಿಮಾತಿನಲ್ಲಿ ಕೇಳಿ ತಿಳಿಯಬಹುದು, ಮಳೆಯ ನೀರನ್ನು ಮಾತ್ರ ಕಣ್ಣಾರೆ ನೋಡಬೇಕು. ಕೆ.ಆರ್. ಪುರಂ ಕ್ಷೇತ್ರದ ಹೊರಮಾವು ಸಾಯಿ ಲೇಔಟ್ 2025ರ ಮೇ ಮಳೆಗೆ ಮುಳುಗಿದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು. ತಗ್ಗಿನ ಬಡಾವಣೆಯಾದರೆ ಗೋಡೆಯ ಮೇಲೆ ಹಳೆಯ ನೀರಿನ ಗೆರೆ ಇದೆಯೇ ಎಂದು ನೋಡಬೇಕು.

ಬಸದಿ ಯಾವುದು, ಮಂದಿರ ಯಾವುದು

ನಕ್ಷೆಯಲ್ಲಿ ಜೈನ್ ಎಂದು ಕಂಡದ್ದೆಲ್ಲ ಬಸದಿಯಲ್ಲ. ದಂಡು ಪ್ರದೇಶದ ಜೈನ ಸಮಾಜದಲ್ಲಿ ಹೆಚ್ಚಿನವರು ರಾಜಸ್ಥಾನ, ಗುಜರಾತ್ ಮೂಲದ ಶ್ವೇತಾಂಬರ ವ್ಯಾಪಾರಿ ಕುಟುಂಬಗಳು. ಕಮರ್ಷಿಯಲ್ ಸ್ಟ್ರೀಟ್, ಜ್ಯುವೆಲರ್ಸ್ ಸ್ಟ್ರೀಟ್, ಹಲಸೂರಿನ ಪೇಟೆಗಳಲ್ಲಿ ಚಿನ್ನ ಬೆಳ್ಳಿ, ಬಟ್ಟೆ, ಗಿರವಿ ವ್ಯಾಪಾರ ಅವರದು. ಅವರಲ್ಲೂ ಮೂರ್ತಿಪೂಜಕರಿಗೆ ಮಂದಿರ, ಸ್ಥಾನಕವಾಸಿಗಳಿಗೆ ಮೂರ್ತಿಯಿಲ್ಲದ ಸ್ಥಾನಕ, ತೇರಾಪಂಥದವರಿಗೆ ಭವನ. ಅಭಿಷೇಕ ನೋಡಲೆಂದು ಹೋದ ಕರಾವಳಿಯ ಅಜ್ಜಿ ಸ್ಥಾನಕದ ಹಜಾರದಲ್ಲಿ ನಿಂತು ಬಸದಿಯನ್ನು ಹುಡುಕುವಂತಾಗುವುದು ಅಪರೂಪವೇನಲ್ಲ. ಯಾರೂ ಬರಬೇಡಿ ಎನ್ನುವುದಿಲ್ಲ, ಪ್ರವಚನಕ್ಕೆ ಕೂರಿಸಿಕೊಳ್ಳುತ್ತಾರೆ. ಆದರೆ ಪೂಜಾಕ್ರಮ ಬೇರೆ, ಭಾಷೆ ಬೇರೆ. ಪರ್ವದ ದಿನಗಳೂ ಬೇರೆ: ಭಾದ್ರಪದದಲ್ಲಿ ಅವರ ಎಂಟು ದಿನದ ಪರ್ಯೂಷಣ ಮುಗಿದ ಮೇಲೆ ದಿಗಂಬರರ ಹತ್ತು ದಿನದ ದಶಲಕ್ಷಣ ಶುರುವಾಗುತ್ತದೆ.

ಕನ್ನಡ ಮಾತಾಡುವ ದಿಗಂಬರರ ನೆಲೆ ಹೆಚ್ಚಾಗಿ ನಗರದ ಹಳೆಯ ಪೇಟೆ ಮತ್ತು ದಕ್ಷಿಣ ಭಾಗದಲ್ಲಿದೆ. ಪೂರ್ವದಲ್ಲಿ ಮನೆ ಮಾಡಿದವರು ಅಷ್ಟಮಿ, ಚತುರ್ದಶಿಗೆ ಅಲ್ಲಿಗೆ ಹೋಗಿ ಬರಬೇಕಾಗಬಹುದು. ಹಾಗಾಗಿ ಊರಿನ ಬಸದಿಯ ಇಂದ್ರರು ಅಥವಾ ಉಪಾಧ್ಯೆಯವರಲ್ಲಿ, ಆಡಳಿತ ಮಂಡಳಿಯಲ್ಲಿ ಕೇಳಿ, ಆ ಕಡೆ ಈಗಾಗಲೇ ನೆಲೆಸಿರುವ ಎರಡು ಮನೆಗಳ ಪರಿಚಯ ಮಾಡಿಕೊಂಡೇ ಹೊರಡಬೇಕು. ಅವರಿಂದ ತಿಳಿಯುವ ಸಂಗತಿ ಯಾವ ನಕ್ಷೆಯಲ್ಲೂ ಸಿಗದು: ಯಾರ ಮನೆಯಲ್ಲಿ ಚೈತ್ಯಾಲಯವಿದೆ, ಮಕ್ಕಳಿಗೆ ಪಾಠಶಾಲೆ ಎಲ್ಲಿ ನಡೆಯುತ್ತದೆ, ಚಾತುರ್ಮಾಸ ಈ ವರ್ಷ ಎಲ್ಲಿ. ಚಾತುರ್ಮಾಸದ ನಾಲ್ಕು ತಿಂಗಳಲ್ಲಿ ಕಂಡ ಜನಸಂದಣಿ ವರ್ಷವಿಡೀ ಇರುತ್ತದೆಂದು ಮಾತ್ರ ತಿಳಿಯಬಾರದು. ಫಾಲ್ಗುಣದ ಒಂದು ಸಾಮಾನ್ಯ ಮಂಗಳವಾರ ಎಷ್ಟು ಜನ ಇರುತ್ತಾರೆಂದು ಕೇಳಬೇಕು.

ಯಾವ ಪ್ರದೇಶ ಯಾರಿಗೆ

1809ರಲ್ಲಿ ಇಂಗ್ಲಿಷರ ಸೈನ್ಯ ಬೆಂಗಳೂರಿನಲ್ಲಿ ದಂಡು ಸ್ಥಾಪಿಸಿತು. ಆಮೇಲೆ ಬಹುಕಾಲ ಪೇಟೆಯೂ ದಂಡೂ ಎರಡು ಊರಿನಂತೆ ಬೇರೆ ಬೇರೆ ಆಡಳಿತದಲ್ಲಿದ್ದು, ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಶಿವಾಜಿನಗರ, ಹಲಸೂರಿನ ಬೀದಿಗಳಲ್ಲಿ ತಮಿಳು, ಉರ್ದು, ತೆಲುಗು ಹೆಚ್ಚು ಕೇಳಿಸುವುದು ಈ ಕಾರಣಕ್ಕೇ. ಇಲ್ಲಿ ಜೈನರೆಂದರೆ ಮಾರ್ವಾಡಿಗಳು ಎಂಬ ಭಾವನೆ ಬೇರೂರಿದೆ. ಕನ್ನಡ ಮಾತಾಡುವ ಮಗು ಶಾಲೆಯಲ್ಲಿ ತಾನು ಜೈನನೆಂದರೆ ಒಂದೆರಡು ಪ್ರಶ್ನೆ ಎದುರಾಗುತ್ತವೆ, ಮನೆಯಲ್ಲಿ ಅದಕ್ಕೆ ಉತ್ತರ ಹೇಳಿಕೊಟ್ಟಿರಬೇಕು.

ಶಿವಾಜಿನಗರ ವ್ಯಾಪಾರಕ್ಕೆ ಸೈ. ರಸೆಲ್ ಮಾರುಕಟ್ಟೆ, ಬಸ್ ನಿಲ್ದಾಣ, ಸರ್ಕಾರದ ಬೌರಿಂಗ್ ಆಸ್ಪತ್ರೆ ಎಲ್ಲ ಕಾಲ್ನಡಿಗೆಯ ದೂರದಲ್ಲಿವೆ. ಇನ್‌ಫೆಂಟ್ರಿ ರಸ್ತೆಯ ಈಗಿನ ಹೆಸರು ಭಗವಾನ್ ಮಹಾವೀರ ರಸ್ತೆ, ಆದರೂ ಆಟೋದವರಿಗೆ ಹಳೆಯ ಹೆಸರನ್ನೇ ಹೇಳಬೇಕು. ಕಂಟೋನ್ಮೆಂಟ್ ರೈಲು ನಿಲ್ದಾಣದ ಹತ್ತಿರ ಮಿಲ್ಲರ್ಸ್ ರಸ್ತೆಯಲ್ಲಿ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಯಿದೆ. ಮಾಂಸದ ಅಂಗಡಿಗಳೂ ಇಲ್ಲಿ ಹಳೆಯವು, ಅವರ ಜೀವನ ಅದರಲ್ಲಿದೆ. ಬಂದು ನೆಲೆಸುವವರು ಅದನ್ನು ದೂರುತ್ತ ಕೂರುವುದು ಸರಿಯಲ್ಲ. ಬಸ್ಸಿನಿಂದ ಮನೆಗೆ, ಮನೆಯಿಂದ ತರಕಾರಿಗೆ ಬೇರೆ ದಾರಿ ಇದೆಯೇ ಎಂದು ನಡೆದು ನೋಡಬೇಕು. ಇಲ್ಲವೆಂದಾದರೆ, ಅಜ್ಜಿಗೆ ಅದು ದಿನವೂ ನೋವು ಕೊಡುವುದಾದರೆ, ಆ ಬೀದಿ ಬೇಡ.

ಹಲಸೂರು ಹಳೆಯ ಊರು. ಸೋಮೇಶ್ವರ ದೇವಸ್ಥಾನದ ಸುತ್ತಿನ ಬೀದಿಗಳು ಇಕ್ಕಟ್ಟು, ಮನೆಗಳಿಗೆ ಗಾಳಿ ಬೆಳಕು ಕಡಿಮೆ, ಆದರೆ ಕಿರಾಣಿ, ಹಾಲು, ವೈದ್ಯರು ಎಲ್ಲ ಹತ್ತಿರ. ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ. ಇಂದಿರಾನಗರದ ರಸ್ತೆಗಳು ಅಗಲ, ಮರಗಳ ನೆರಳು ಚೆನ್ನ, ಬಾಡಿಗೆ ಜಾಸ್ತಿ. 100 ಅಡಿ ರಸ್ತೆ ಮತ್ತು 12ನೇ ಮೈನ್ ಸುತ್ತ ಹೋಟೆಲ್, ಬಾರುಗಳು ರಾತ್ರಿ ತಡವಾಗಿಯೂ ನಡೆಯುತ್ತವೆ. ಹಗಲು ಹನ್ನೊಂದು ಗಂಟೆಗೆ ಶಾಂತವಾಗಿ ಕಂಡ ಮನೆಯನ್ನು ಶನಿವಾರ ರಾತ್ರಿ ಒಂಬತ್ತಕ್ಕೆ ಮತ್ತೊಮ್ಮೆ ನೋಡಬೇಕು. ಕೆಳಗೆ ಮಾಂಸದ ಹೋಟೆಲ್ ಇದ್ದರೆ ಅಡುಗೆಮನೆಯ ಕಿಟಕಿ ವರ್ಷವಿಡೀ ಮುಚ್ಚಿಯೇ ಇರಬೇಕಾಗುತ್ತದೆ.

ಕೆ.ಆರ್. ಪುರಂ ದೂರ ಎಂಬ ಮಾತು ಈಗ ಅಷ್ಟು ಸರಿಯಲ್ಲ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೊ ಬಂದದ್ದು 2011ರ ಅಕ್ಟೋಬರ್ 20ರಂದು. ಹಲಸೂರು, ಇಂದಿರಾನಗರಕ್ಕೆ ಅಂದಿನಿಂದಲೇ ಆ ಅನುಕೂಲವಿದೆ. ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದ ತುಂಡು 2023ರ ಅಕ್ಟೋಬರ್ 9ರಂದು ಸೇರಿದ ಮೇಲೆ ವೈಟ್‌ಫೀಲ್ಡಿನಿಂದ ಮೆಜೆಸ್ಟಿಕ್‌ವರೆಗೂ ರೈಲು ಬದಲಿಸದೆ ಹೋಗಬಹುದು. ಟಿನ್ ಫ್ಯಾಕ್ಟರಿ ಮತ್ತು ತೂಗುಸೇತುವೆಯ ವಾಹನ ದಟ್ಟಣೆ ಹಾಗೆಯೇ ಇದೆ. ಆದ್ದರಿಂದ ಇಲ್ಲಿ ಮನೆ ಹುಡುಕುವವರು ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವ ದೂರದಲ್ಲೇ ಹುಡುಕಬೇಕು. ಬ್ರೋಕರು ಹತ್ತು ನಿಮಿಷ ಎಂದರೆ ಅದು ಬೆಳಗಿನ ಜಾವ ಬೈಕಿನಲ್ಲಿ ಎಂದು ತಿಳಿದರಾಯಿತು. ಬಾಡಿಗೆ ಇಂದಿರಾನಗರಕ್ಕಿಂತ ಕಡಿಮೆ, ಮಕ್ಕಳ ಆಫೀಸು ಹತ್ತಿರ. ಸಂಜೆಯ ಊಟಕ್ಕೆ ಮಗ ಮನೆಗೆ ಬಂದು ಸೇರುವ ಸಾಧ್ಯತೆ ಏನಾದರೂ ಇದ್ದರೆ ಈ ಭಾಗದಲ್ಲೇ. ಕೊರತೆ ಮೇಲೆ ಹೇಳಿದ ಎರಡು: ನೀರು ಮತ್ತು ಬಸದಿಯ ದೂರ. ಮನೆಯಲ್ಲಿ ವ್ರತದ ಹಿರಿಯರು ಇದ್ದು, ಮಕ್ಕಳು ಹೇಗೂ ರಾತ್ರಿಯೇ ಬರುವವರಾದರೆ ಹಲಸೂರು ಮೇಲು. ಎಲ್ಲರೂ ಕೂಡಿ ಹಗಲೂಟ ಮಾಡುವುದೇ ಮುಖ್ಯವೆನ್ನುವವರು ಕೆ.ಆರ್. ಪುರಂ ನೋಡಬಹುದು.

ಕಾಗದಪತ್ರ

ಬಂದ ಕೂಡಲೇ ಕೊಳ್ಳುವುದು ಬೇಡ. ಹನ್ನೊಂದು ತಿಂಗಳ ಬಾಡಿಗೆ ಕರಾರು ಮಾಡಿಕೊಂಡು ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ. ಅಡ್ವಾನ್ಸ್ ಹತ್ತು ತಿಂಗಳ ಬಾಡಿಗೆ ಎಂಬ ಬೆಂಗಳೂರಿನ ಹಳೆಯ ರೂಢಿಯನ್ನು ಚೌಕಾಸಿ ಮಾಡಿ ಇಳಿಸಬಹುದು. ಕೊಡುವುದು ಬ್ಯಾಂಕಿನ ಮೂಲಕವೇ ಇರಲಿ. ಭೋಗ್ಯಕ್ಕೆ, ಅಂದರೆ ಲೀಸಿಗೆ, ಮನೆ ಹಿಡಿಯುವವರು ಇನ್ನೂ ಎಚ್ಚರವಾಗಿರಬೇಕು: ಲಕ್ಷಗಟ್ಟಲೆ ಹಣ ಹೋಗುವುದು ಮಾಲೀಕನಿಗೋ ನಡುವಿನವನಿಗೋ, ಮನೆಯ ಮೇಲೆ ಸಾಲವಿದೆಯೇ ಎಂದು ಋಣಭಾರ ಪತ್ರ ತೆಗೆಸಿ ನೋಡಬೇಕು. ಒಂದು ವರ್ಷಕ್ಕೆ ಮೀರಿದ ಕರಾರು ನೋಂದಣಿಯಾಗಲೇಬೇಕು. ಮುಂದೆ ಕೆ.ಆರ್. ಪುರಂ ಕಡೆ ಕೊಳ್ಳುವುದಾದರೆ ಎ ಖಾತೆಯೋ ಬಿ ಖಾತೆಯೋ ಎಂಬುದು ಮೊದಲ ಪ್ರಶ್ನೆ. ಈ ಭಾಗ 2025ರ ಸೆಪ್ಟೆಂಬರಿನಿಂದ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿದೆ, ಬಿಬಿಎಂಪಿ ಈಗಿಲ್ಲ.

ಊರು ಬಿಡುವ ಮೊದಲು ನಾಡಕಚೇರಿಯಿಂದ ಮಕ್ಕಳ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿಕೊಳ್ಳುವುದು ಕ್ಷೇಮ. ರಾಜ್ಯದ ಪಟ್ಟಿಯಲ್ಲಿ ದಿಗಂಬರ ಜೈನರು ಪ್ರವರ್ಗ 3ಬಿಯಲ್ಲಿದ್ದಾರೆ, ಕೇಂದ್ರ ಸರ್ಕಾರ 2014ರ ಜನವರಿಯಲ್ಲಿ ಜೈನರನ್ನು ಅಲ್ಪಸಂಖ್ಯಾತರೆಂದು ಪ್ರಕಟಿಸಿದೆ. ಸೀಟಿಗೂ ವಿದ್ಯಾರ್ಥಿವೇತನಕ್ಕೂ ಈ ಕಾಗದಗಳು ಬೇಕಾಗುತ್ತವೆ. ಬೆಂಗಳೂರಿನಲ್ಲಿ ಕೂತು ಊರಿನ ದಾಖಲೆ ತರಿಸುವುದಕ್ಕೆ ರಜೆಗಳೇ ಮುಗಿದುಹೋಗುತ್ತವೆ. ಶಾಲೆ ನೋಡುವಾಗ ಕನ್ನಡ ಕಲಿಸುತ್ತಾರೆಯೇ, ಮಧ್ಯಾಹ್ನದ ಊಟ ಮನೆಯ ಡಬ್ಬಿಯೋ ಶಾಲೆಯದೇ ಕಡ್ಡಾಯವೋ ಎಂದು ಕೇಳಿ ಬರಬೇಕು.

ಊರಿಗೆ ಹೋಗಿ ಬರುವ ದಾರಿಯನ್ನು ಹೆಚ್ಚಿನವರು ಕೊನೆಗೆ ಯೋಚಿಸುತ್ತಾರೆ. ಹಾಸನ, ಶ್ರವಣಬೆಳಗೊಳ, ಧರ್ಮಸ್ಥಳ, ಹುಬ್ಬಳ್ಳಿ ಕಡೆಗೆಲ್ಲ ನಗರದ ಪಶ್ಚಿಮದಿಂದ ಹೊರಡಬೇಕು. ಪೂರ್ವದಲ್ಲಿರುವವರು ಮೊದಲು ಇಡೀ ಬೆಂಗಳೂರನ್ನು ದಾಟಬೇಕು. ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ 2022ರ ಜೂನ್‌ನಲ್ಲಿ ಶುರುವಾದ ಮೇಲೆ ಕೆಲವು ರೈಲುಗಳು ಈ ಕಡೆಯಿಂದಲೇ ಸಿಗುತ್ತವೆ, ಮುರುಡೇಶ್ವರದ ರೈಲು ಅಲ್ಲಿಂದಲೇ ಹೊರಡುತ್ತದೆ. ನೋಡಲು ಬಂದವರು ವಾಪಸು ಹೋಗುವಾಗ ಕಾರು ಬಿಟ್ಟು, ಎರಡು ಚೀಲ ಹಿಡಿದು, ಆ ಮನೆಯ ಬಾಗಿಲಿನಿಂದಲೇ ಮೆಟ್ರೊದಲ್ಲಿ ಮೆಜೆಸ್ಟಿಕ್‌ಗೆ ಹೋಗಿ ಊರ ಬಸ್ಸು ಹತ್ತಲಿ. ಊರಲ್ಲಿ ಉಳಿದಿರುವ ಅಕ್ಕ ತಂಗಿಯರ ಮನೆಯ ಶುಭಕಾರ್ಯಕ್ಕೆ, ರಥೋತ್ಸವಕ್ಕೆ ಹೀಗೆ ಎಷ್ಟು ಸಲ ಬರಲಾದೀತು ಎಂಬುದು ಆ ಒಂದು ಪ್ರಯಾಣದಲ್ಲೇ ಗೊತ್ತಾಗುತ್ತದೆ.