ಕೇಳು: ಕಿವಿಗೂ ಬಾಯಿಗೂ ಸಲ್ಲುವ ಮಾತು

ಸೊಲ್ಲಾಪುರದ ಪೇಟೆಯಲ್ಲಿ ನಾಲ್ಕು ಭಾಷೆಗಳು ಓಡಾಡುತ್ತವೆ. ಮರಾಠಿ ಕಚೇರಿಯದು. ಕನ್ನಡ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳ ಮನೆಮಾತು. ತೆಲುಗು ಮಗ್ಗದ ಬೆನ್ನು ಹತ್ತಿ ಬಂದ ಪದ್ಮಶಾಲಿಗಳದು. ದಖನಿ ಉರ್ದು ಅಷ್ಟಿಷ್ಟು ಎಲ್ಲರ ನಾಲಿಗೆಯ ಮೇಲೂ ಇದೆ. ಈ ನಾಲ್ಕರಲ್ಲಿ ಮೂರು ಭಾಷೆಗಳು ಕಿವಿಯ ಕೆಲಸಕ್ಕೆ ಒಂದು ಕ್ರಿಯಾಪದ, ಬಾಯಿಯ ಕೆಲಸಕ್ಕೆ ಇನ್ನೊಂದು ಎಂದು ಖಾತೆ ಹಂಚಿವೆ. ಮರಾಠಿಯಲ್ಲಿ ಹಾಡು ಕೇಳಿದರೆ ‘ಐಕಣೆ’, ದಾರಿ ಕೇಳಿದರೆ ‘ವಿಚಾರಣೆ’, ದುಡ್ಡು ಕೇಳಿದರೆ ‘ಮಾಗಣೆ’. ಉರ್ದುವಿನಲ್ಲಿ ‘ಸುನ್ನಾ’, ‘ಪೂಛ್ನಾ’, ‘ಮಾಂಗ್ನಾ’. ತೆಲುಗಿನವರಿಗೆ ‘ವಿನು’ ಬೇರೆ, ‘ಅಡುಗು’ ಬೇರೆ. ಕನ್ನಡದವನು ಮಾತ್ರ ಹಾಡನ್ನೂ ಕೇಳುತ್ತಾನೆ, ದಾರಿಯನ್ನೂ ಕೇಳುತ್ತಾನೆ, ಸಾಲವನ್ನೂ ಕೇಳುತ್ತಾನೆ. ಮಗ ಹಟ ಹಿಡಿದರೆ ‘ಹೇಳಿದ ಮಾತ ಕೇಳಂಗಿಲ್ಲ’ ಎಂದು ಬೈಯುವುದಕ್ಕೂ ಅದೇ ಕ್ರಿಯಾಪದ.

ಇದು ಕನ್ನಡದ ಬಡತನವೇನಲ್ಲ. ‘ಕೇಳ್’ ಹಳೆಯ ದ್ರಾವಿಡ ಧಾತು. ತಮಿಳಿನಲ್ಲೂ ಅದಕ್ಕೆ ಆಲಿಸು, ವಿಚಾರಿಸು ಎಂಬ ಎರಡೂ ಅರ್ಥಗಳಿವೆ. ಕನ್ನಡ ಅದನ್ನು ಸಂಸಾರದ ಮೂಲೆಮೂಲೆಗೂ ಒಯ್ದಿದೆ. ಹೆಣ್ಣು ಕೇಳಲು ಹೋಗುತ್ತಾರೆ, ಕಣಿ ಕೇಳುತ್ತಾರೆ, ಪುರಾಣ ಕೇಳುತ್ತಾರೆ, ಗುಡಿಯಲ್ಲಿ ಹೂ ಕೇಳುತ್ತಾರೆ. ಹೂ ಕೇಳುವವನ ಬಾಯಿ ಕೇಳುತ್ತದೆ, ಹೂ ಎಡಕ್ಕೆ ಬಿತ್ತೋ ಬಲಕ್ಕೆ ಬಿತ್ತೋ ಎಂದು ಕಣ್ಣೂ ಕೇಳುತ್ತದೆ. ಮೈಲಾರದ ಕಾರ್ಣಿಕದಲ್ಲಂತೂ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದ ಕೂಡಲೇ ಇಡೀ ಜನಸಾಗರ ಬಾಯಿ ಮುಚ್ಚಿ ಕಿವಿಯಾಗುತ್ತದೆ. ಅಕ್ಕಲಕೋಟೆಗೆ, 1878ರಲ್ಲಿ ಸಮಾಧಿಯಾದ ಸ್ವಾಮಿ ಸಮರ್ಥರ ಸನ್ನಿಧಿಗೆ, ಬರುವ ಭಕ್ತರು ಏನಾದರೊಂದು ಕೇಳಿಕೊಳ್ಳಲೆಂದೇ ಬರುತ್ತಾರೆ. ಕೇಳಿಕೊಂಡು ಸುಮ್ಮನೆ ಕೂತು ಹೋಗುವವರೂ ಕಡಿಮೆಯಿಲ್ಲ.

ಇದೇ ಸೀಮೆಯ ಪ್ರಸಿದ್ಧ ಕಥೆಯೊಂದರಲ್ಲಿ ಕೇಳುವವನು ದೇವರೇ. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ ಮಂಕು ಹುಡುಗನೆಂದು ಕರೆಸಿಕೊಂಡವನು. ಹೊಲದಲ್ಲಿದ್ದಾಗ ಮಲ್ಲಯ್ಯ ಜಂಗಮನ ವೇಷದಲ್ಲಿ ಬಂದು ಹಸಿವೆಂದು ಉಣ್ಣಲು ಕೇಳುತ್ತಾನೆ. ಹುಡುಗ ಮೊಸರನ್ನ ತರಲು ಮನೆಗೆ ಓಡಿ ಮರಳುವಷ್ಟರಲ್ಲಿ ಜಂಗಮನಿಲ್ಲ. ಮಲ್ಲಯ್ಯಾ, ಮಲ್ಲಯ್ಯಾ ಎಂದು ಅರಸುತ್ತ ಹುಡುಗ ಶ್ರೀಶೈಲದವರೆಗೆ ಹೋಗುತ್ತಾನೆ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ ಈ ಪ್ರಸಂಗವನ್ನು ಹೇಳುವ ಕಾವ್ಯ. ದೇವರು ಕೇಳಿದ್ದನ್ನು ಕೇಳಿಸಿಕೊಂಡವನು ಊರಿಗೆ ಮರಳಿ ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ, ವಚನ ನುಡಿದ.

ಕ್ರೈಸ್ತ ಧರ್ಮ ಈ ಕಡೆಗೆ ಎರಡು ದಿಕ್ಕಿನಿಂದ ಬಂತು. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತ; 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಸೊಲ್ಲಾಪುರಕ್ಕೆ ಬಂದದ್ದು 1813ರಲ್ಲಿ ಮುಂಬಯಿಯಲ್ಲಿ ಬೇರೂರಿದ ಅಮೆರಿಕನ್ ಮರಾಠಿ ಮಿಶನ್. ಅಹಮದ್‌ನಗರ ದಾಟಿ 1860ರ ದಶಕದಲ್ಲಿ ಅದು ಇಲ್ಲಿಗೆ ತಲುಪಿತು. ಅದೇ ದಶಕದ ಮೊದಲಲ್ಲೇ, 1860ರಲ್ಲಿ, ಊರಿಗೆ ರೈಲೂ ಬಂದಿತ್ತು. ಮಿಶನ್ನಿನ ಹೆಸರಿನಲ್ಲೇ ಮರಾಠಿ ಇದ್ದುದರಿಂದ ಆರಾಧನೆ, ಹಾಡು, ಶಾಲೆ ಮರಾಠಿಯಲ್ಲಿ ನಡೆದವು. ಮನೆಯಲ್ಲಿ ಕನ್ನಡವಾಡುವ ಕ್ರೈಸ್ತನಿಗೆ ಇಲ್ಲಿ ಎರಡು ವ್ಯಾಕರಣಗಳು: ಚರ್ಚಿನಲ್ಲಿ ‘ಮಾಗಣೆ’ ಒಂದು ಕಡೆ, ‘ಐಕಣೆ’ ಇನ್ನೊಂದು ಕಡೆ, ಒಲೆಯ ಮುಂದೆ ಎರಡಕ್ಕೂ ಸೇರಿ ‘ಕೇಳು’.

ಕನ್ನಡ ಬೈಬಲ್ಲಿನ ಹಳೆಯ ಅನುವಾದಕರು ಈ ಮಾತನ್ನು ಎಚ್ಚರದಿಂದ ಬಳಸಿದರು. ಮನುಷ್ಯ ದೇವರಲ್ಲಿ ಕೇಳುವ ಮುಖ್ಯ ಜಾಗದಲ್ಲಿ, ಬೆಟ್ಟದ ಮೇಲಿನ ಪ್ರಸಂಗದಲ್ಲಿ, ಅವರು ಆರಿಸಿದ್ದು ‘ಬೇಡಿಕೊಳ್ಳು’. ದೇವರು ಕಿವಿಗೊಡಬೇಕಾದ ಕೀರ್ತನೆಗಳಲ್ಲಿ ‘ಲಾಲಿಸು’ ಎಂಬ ಅರಮನೆಯ ಮಾತು ಬಂತು. ಅರ್ಥ ಗೋಜಲಾಗದಿರಲೆಂದು ಮಾಡಿದ ಈ ವಿಂಗಡಣೆ ಪ್ರಾರ್ಥನಾ ಕೂಟದ ಆಡುಮಾತಿನಲ್ಲಿ ನಿಲ್ಲಲಿಲ್ಲ. ‘ಕರ್ತನನ್ನ ಕೇಳೋಣು’ ಎಂದರೆ ಬೇಡುವುದೋ, ಆಲಿಸುವುದೋ, ವಿಧೇಯರಾಗುವುದೋ ಎಂದು ಅಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

ರೂಢಿಯಲ್ಲಿ ಮಾತ್ರ ಬೇಡುವುದೇ ಮುಂದೆ. ಕೂಟದ ಕೊನೆಗೆ ‘ಪ್ರಾರ್ಥನಾ ವಿಷಯ’ಗಳ ಪಟ್ಟಿ ಬರುತ್ತದೆ: ಒಬ್ಬರಿಗೆ ಶಸ್ತ್ರಚಿಕಿತ್ಸೆ, ಒಬ್ಬರ ಮಗಳಿಗೆ ಗಂಡು, ಒಬ್ಬರಿಗೆ ನೌಕರಿಯ ಸಂದರ್ಶನ. ಪಟ್ಟಿ ಓದಿ ಮುಗಿಸಿ ಆಮೆನ್ ಎಂದರೆ ಎಲ್ಲರೂ ಚಪ್ಪಲಿ ಹುಡುಕುತ್ತಾರೆ. ಹೇಳಬೇಕಾದ್ದನ್ನೆಲ್ಲ ಹೇಳಿ ಎದುರಿನವರು ಬಾಯಿ ತೆರೆಯುವ ಮೊದಲೇ ಫೋನ್ ಇಟ್ಟುಬಿಟ್ಟಂತೆ.

ಮರುದಿನ ಅವರಲ್ಲೇ ಒಬ್ಬರು ‘ದೇವರು ಬೆಳಿಗ್ಗೆ ಮಾತಾಡಿದರು’ ಎಂದರೆ ಹೊರಗಿನವರಿಗೆ ಗಾಬರಿಯಾಗಬಹುದು. ಹೇಳುವವರ ಅರ್ಥ ಸರಳವಾದದ್ದು: ದಿನದ ಪಾಠ ಓದುವಾಗ ಒಂದು ವಾಕ್ಯ ತಡೆದು ನಿಲ್ಲಿಸಿತು, ತಮ್ಮ ಸದ್ಯದ ಗೋಜಲಿಗೆ ಅದು ತಾಗಿತು, ಅದನ್ನೇ ಹಿಡಿದು ಪ್ರಾರ್ಥಿಸಿದರು. ‘ವಾಕ್ಯ ಸಿಕ್ಕಿತು’, ‘ವಾಕ್ಯ ಕೊಟ್ಟರು’ ಎಂಬ ನುಡಿಗಟ್ಟುಗಳು ಹುಟ್ಟಿದ್ದು ಹೀಗೆ. ಧ್ವನಿ ಕಿವಿಗೆ ಬಿತ್ತೆಂದು ಹೇಳಿಕೊಳ್ಳುವವರು ಅಪರೂಪ. ಪುಟದಿಂದ ಬಂತೆನ್ನುವವರೇ ಬಹಳ.

ಈ ಕಲಿಕೆಗೆ ಬೈಬಲ್ಲಿನಲ್ಲಿ ಒಂದು ಪಾಠಶಾಲೆಯೇ ಇದೆ: ಸಮುವೇಲನ ಮೊದಲನೆಯ ಗ್ರಂಥ. ಮಕ್ಕಳಿಲ್ಲದ ಹನ್ನಳು ಶೀಲೋವಿನ ಆಲಯದಲ್ಲಿ ತುಟಿ ಮಾತ್ರ ಆಡಿಸುತ್ತ ಬೇಡುತ್ತಾಳೆ. ಯಾಜಕ ಏಲಿಗೆ ಅವಳು ಕುಡಿದು ಬಂದವಳಂತೆ ಕಾಣುತ್ತಾಳೆ. ಮಗ ಹುಟ್ಟಿದಾಗ ಇಟ್ಟ ಹೆಸರು ಸಮುವೇಲ. ದೇವರಲ್ಲಿ ಬೇಡಿ ಪಡೆದವನು ಎಂದು ಗ್ರಂಥ ಅದಕ್ಕೆ ಕಾರಣ ಕೊಡುತ್ತದೆ. ಪಂಡಿತರಿಗೆ ಇಲ್ಲೊಂದು ತೊಡಕು. ಹೀಬ್ರೂವಿನಲ್ಲಿ ಬೇಡುವುದಕ್ಕೆ ‘ಶಾಅಲ್’, ಆಲಿಸುವುದಕ್ಕೆ ‘ಶಾಮಾ’. ಶೆಮುವೇಲ್ ಎಂಬ ಸದ್ದು ಕಿವಿಗೆ ಎರಡನೆಯದರ ಹತ್ತಿರ ಕೇಳಿಸುತ್ತದೆ. ಕೊಟ್ಟ ಕಾರಣ ಒಂದು ಧಾತುವಿನದು, ಹೆಸರಿನ ಸದ್ದು ಇನ್ನೊಂದರದು. ಕನ್ನಡದಲ್ಲಿ ಈ ತೊಡಕೇ ಇಲ್ಲ: ಅವಳು ಕೇಳಿದಳು, ದೇವರು ಕೇಳಿದ. ಕರ್ತೃ ಬದಲಾದ, ಧಾತು ಅದೇ.

ಆಮೇಲಿನ ಪ್ರಸಂಗ ಇನ್ನೂ ಚೆಂದ. ರಾತ್ರಿ ಮಲಗಿದ್ದ ಹುಡುಗನಿಗೆ ಯಾರೋ ಕರೆದಂತಾಗುತ್ತದೆ. ಮೂರು ಸಲ ಎದ್ದು ಏಲಿಯ ಬಳಿಗೆ ಓಡುತ್ತಾನೆ. ಮೂರನೆಯ ಸಲಕ್ಕೆ ಮುದುಕನಿಗೆ ಹೊಳೆಯುತ್ತದೆ. ಮತ್ತೆ ಕರೆ ಬಂದರೆ ಹೇಗೆ ಓಗೊಡಬೇಕೆಂದು ಕಲಿಸಿ ಕಳಿಸುತ್ತಾನೆ. ತಾಯಿಯ ಪ್ರಾರ್ಥನೆ ತಪ್ಪಾಗಿ ಕಂಡಿದ್ದವನೇ ಮಗನಿಗೆ ಕೇಳುವುದನ್ನು ಕಲಿಸಿದ. ಹುಡುಗನಿಗೆ ಬಂದ ಸಂದೇಶವಾದರೂ ಏಲಿಯ ಮನೆತನಕ್ಕೇ ಬರಲಿದ್ದ ದಂಡನೆ. ಬೆಳಗಾದ ಮೇಲೆ ಅದನ್ನು ಏಲಿಗೆ ಹೇಳಲು ಅವನು ಹೆದರುತ್ತಾನೆ. ಕೇಳಿದವನಿಗೆ ಅದರಿಂದ ಲಾಭವೇನೂ ಇರಲಿಲ್ಲ.

ಲಾಭದ ವಾಕ್ಯಗಳಿಗೆ ಗಿರಾಕಿ ಹೆಚ್ಚು. ಹೊಸ ವರ್ಷದ ಮಧ್ಯರಾತ್ರಿಯ ಆರಾಧನೆಯಲ್ಲಿ ಅನೇಕ ಸಭೆಗಳು ‘ವಾಗ್ದಾನ’ದ ಚೀಟಿ ಹಂಚುತ್ತವೆ. ಕೈಗೆ ಬಂದ ವಾಕ್ಯ ಆ ವರ್ಷಕ್ಕೆ ದೇವರು ಕೊಟ್ಟ ಮಾತು; ಅದು ಫ್ರೇಮಾಗಿ ಗೋಡೆಗೂ ಸ್ಟಿಕರಾಗಿ ರಿಕ್ಷಾಕ್ಕೂ ಏರುತ್ತದೆ. ಚೀಟಿ ಎತ್ತುವ ಪದ್ಧತಿ ಹೊಸದಲ್ಲ: ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ ಸಮುದಾಯ ಚೀಟಿ ಎತ್ತಿ ಆರಿಸಿದ ದಿನಕ್ಕೊಂದು ವಾಕ್ಯದ ಪುಸ್ತಕವನ್ನು 1731ರಿಂದ ಅಚ್ಚು ಹಾಕುತ್ತಿದೆ. ಆದರೆ ಚೀಟಿಯಲ್ಲಿ ಏಳಿಗೆಯ ವಾಕ್ಯಗಳು ಬಂದಷ್ಟು ಧಾರಾಳವಾಗಿ ಪ್ರವಾದಿಗಳ ಬೈಗುಳ ಬರುವುದಿಲ್ಲ.

ಸಿದ್ಧರಾಮನ ಊರಿನಲ್ಲಿ ನಿಂತು ನೋಡಿದರೆ ಇನ್ನೊಂದು ವ್ಯತ್ಯಾಸ ಕಾಣುತ್ತದೆ. ಶರಣರ ವಚನ ಹುಟ್ಟುವಾಗಲೇ ಬಿಡಿಯಾದದ್ದು, ಅಂಕಿತದೊಂದಿಗೆ ತನ್ನಷ್ಟಕ್ಕೆ ಮುಗಿಯುವಂಥದ್ದು. ಬೈಬಲ್ಲಿನಲ್ಲಿ ವಚನವೆಂದು ಎಣಿಸುವುದು ಕಥೆಯಿಂದಲೋ ಪತ್ರದಿಂದಲೋ ಆಮೇಲೆ ತುಂಡರಿಸಿದ್ದು. ಹೊಸ ಒಡಂಬಡಿಕೆಗೆ ಇಂದಿನ ವಚನಸಂಖ್ಯೆಗಳನ್ನು ಕೊಟ್ಟವನು ಮುದ್ರಕ ರೊಬೆರ್ ಎತಿಯೆನ್, 1551ರಲ್ಲಿ. ಆದ್ದರಿಂದಲೇ ಅನುಭವಸ್ಥ ಸಭಾಪಾಲಕರು ‘ಮೇಲಿಂದ ಓದಿ, ಕೆಳಗಿನ ತನಕ ಓದಿ’ ಎನ್ನುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯ ನಾಡಿನಲ್ಲಿ, ಕೇಳಿದ್ದನ್ನು ಹಿಂದುಮುಂದಿನ ಪಾಠಕ್ಕೂ ನಾಲ್ಕು ಜನರ ವಿವೇಕಕ್ಕೂ ಒಡ್ಡಿ ನೋಡುವುದು ಕಷ್ಟವಾಗಬಾರದು.

ಸಿದ್ಧರಾಮನ ಶತಮಾನದಲ್ಲೇ, 12ನೆಯ ಶತಮಾನದಲ್ಲಿ, ಫ್ರಾನ್ಸಿನ ಬೆಟ್ಟಗಳ ನಡುವಿನ ಗ್ರಾಂಡ್ ಶಾರ್ತ್ರೂಸ್ ಮಠದಲ್ಲಿ ಎರಡನೆಯ ಗಿಗೊ ಎಂಬ ಸನ್ಯಾಸಿ ಶಾಸ್ತ್ರಪಠಣಕ್ಕೆ ನಾಲ್ಕು ಮೆಟ್ಟಿಲು ಹೇಳಿದ: ಓದು, ಮನನ, ಪ್ರಾರ್ಥನೆ, ಧ್ಯಾನ. ಶ್ರವಣ, ಮನನ, ನಿದಿಧ್ಯಾಸನಗಳನ್ನು ಬಲ್ಲ ಓದುಗರಿಗೆ ಇದು ಹೊಸದೆನಿಸದು. ಗಮನಿಸಬೇಕಾದ್ದು ಪ್ರಾರ್ಥನೆಯ ಜಾಗ. ಅದು ಮೂರನೆಯ ಮೆಟ್ಟಿಲು. ಓದಿ, ಮೆಲುಕು ಹಾಕಿದ ಮೇಲೆ ಬಾಯಿ ತೆರೆಯುವುದು. ಒಂದು ಕೇಳುವಿಕೆ ಮುಗಿದ ಮೇಲೆ ಇನ್ನೊಂದು.

ಮರಾಠಿ ಕವಿ ನಾರಾಯಣ ವಾಮನ ಟಿಳಕರು ಈ ಮೆಟ್ಟಿಲನ್ನು ರೈಲಿನಲ್ಲಿ ಹತ್ತಿದರು. 1893ರಲ್ಲಿ ರಾಜನಾಂದಗಾಂವ್‌ಗೆ ಹೋಗುವಾಗ ಜೊತೆಗಿದ್ದ ಯುರೋಪಿಯನ್ನನೊಬ್ಬ ಹೊಸ ಒಡಂಬಡಿಕೆಯ ಪ್ರತಿ ಕೊಟ್ಟು ಓದಲು ಕೇಳಿಕೊಂಡ. ಪುಸ್ತಕ ಟಿಳಕರಿಗೆ ಹಿಡಿಸಲಿಲ್ಲ. ಓದುತ್ತೇನೆಂದು ಮಾತು ಕೊಟ್ಟಾಗಿತ್ತು, ಹಾಗಾಗಿ ಪೆನ್ಸಿಲ್ ಹಿಡಿದು ಗುರುತು ಹಾಕುತ್ತ ಓದತೊಡಗಿದರು. ಬೆಟ್ಟದ ಪ್ರಸಂಗಕ್ಕೆ ಬಂದವರು ಅಲ್ಲಿಂದ ಕದಲಲಾಗಲಿಲ್ಲ. 1895ರಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದು, ಅಹಮದ್‌ನಗರದಲ್ಲಿ ಅದೇ ಅಮೆರಿಕನ್ ಮರಾಠಿ ಮಿಶನ್ನಿನ ಜೊತೆ ದುಡಿದು, ಅಭಂಗ–ಕೀರ್ತನೆಯ ಧಾಟಿಯನ್ನು ಚರ್ಚಿನೊಳಗೆ ತಂದರು. ಮರಾಠಿ ಸಭೆಗಳು ಇಂದಿಗೂ ಅವರ ಹಾಡುಗಳನ್ನು ಹಾಡುತ್ತವೆ.

‘ಕೇಳು’ವಿನ ಅಷ್ಟೂ ಅರ್ಥಗಳನ್ನು ಬದುಕಿ ತೋರಿದವರೆಂದರೆ ಪಂಡಿತಾ ರಮಾಬಾಯಿ. 1858ರಲ್ಲಿ ಹುಟ್ಟಿದ್ದು ಈಗಿನ ಕರ್ನಾಟಕದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ಊರೂರಿನ ಗುಡಿಗಳಲ್ಲಿ ಪುರಾಣ ಓದಿ ಬದುಕುತ್ತಿದ್ದ ಕುಟುಂಬ ಅದು. ಅರ್ಥವಾಗದಿದ್ದರೂ ಕಿವಿಗೆ ಬಿದ್ದರೆ ಪುಣ್ಯವೆಂದು ಜನ ಕೇಳುತ್ತಿದ್ದರು ಎಂದು ರಮಾಬಾಯಿ ಮುಂದೆ ನೆನೆದಿದ್ದಾರೆ.

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಕ್ರೈಸ್ತರಾದ ಮೇಲೆ ಆಕೆ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ದೀಕ್ಷೆಗೆ ದಾರಿ ತೋರಿದ ಸಿಸ್ಟರ್ ಜೆರಾಲ್ಡೀನ್ ಜೊತೆಗೇ ಪತ್ರಗಳಲ್ಲಿ ವಾದಿಸಿದರು. ಚರ್ಚು ಹೇಳಿತೆಂಬ ಒಂದೇ ಕಾರಣಕ್ಕೆ ಒಪ್ಪಲು ಸಿದ್ಧರಿರಲಿಲ್ಲ. ಪ್ರವಾದಿ ಹಬಕ್ಕೂಕನೂ ಹೀಗೆಯೇ ದೇವರನ್ನು ಪ್ರಶ್ನೆ ಕೇಳಿ, ಉತ್ತರಕ್ಕಾಗಿ ಕಾವಲುಗೋಪುರದ ಮೇಲೆ ಹೋಗಿ ನಿಂತವನು. ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಲು ಸುಮಾರು 8 ವರ್ಷ ಹಿಡಿಯಿತು ಎಂಬರ್ಥದ ಮಾತನ್ನು ರಮಾಬಾಯಿ ತಮ್ಮ ಸಾಕ್ಷಿಯಲ್ಲಿ ಬರೆದರು.

ಆಕೆಯ ಮುಕ್ತಿ ಮಿಶನ್ ಇರುವ ಕೇಡಗಾಂವ್ ಪುಣೆಯಿಂದ ಸೊಲ್ಲಾಪುರಕ್ಕೆ ಬರುವ ರೈಲುಹಾದಿಯಲ್ಲಿದೆ. ಅದೇ ಹಳಿ ಅಕ್ಕಲಕೋಟೆ ರೋಡ್ ದಾಟಿ ಕಲಬುರಗಿಗೆ ಹೋಗುತ್ತದೆ. 1910ರ ದಶಕದಲ್ಲಿ ಮಗಳು ಮನೋರಮಾ ಅಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಳು. ಕೇಡಗಾಂವ್‌ನಲ್ಲಿ 1905ರ ಆರಂಭಕ್ಕೆ ಸುಮಾರು 70 ಮಂದಿಯಿಂದ ಶುರುವಾದ ದಿನನಿತ್ಯದ ಪ್ರಾರ್ಥನೆ ವರ್ಷದ ನಡುವಿಗೆ ನೂರಾರು ಜನರದಾಯಿತು. ರಮಾಬಾಯಿ ಅದರ ಪಕ್ಕದಲ್ಲೇ ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೆ ಕಿವಿಯಲ್ಲಿ ಕೇಳಿದರೆ ತಿಳಿಯುವಂಥ ಮರಾಠಿಯಲ್ಲಿ ಇಡೀ ಬೈಬಲ್ಲನ್ನು ಮತ್ತೆ ಬರೆಯುತ್ತಿದ್ದರು.

1921ರಲ್ಲಿ ಮನೋರಮಾ ತೀರಿಕೊಂಡಳು. ತಾಯಿಯ ಆರೋಗ್ಯವೂ ಕೆಟ್ಟಿತು. ಪ್ರೂಫ್ ತಿದ್ದಿ ಮುಗಿಸಲು ಇನ್ನು 10 ದಿನ ಕೊಡು ಎಂದು ಆಕೆ ದೇವರನ್ನು ಕೇಳಿದರೆಂದು ಜೀವನಚರಿತ್ರೆಗಳು ಹೇಳುತ್ತವೆ. 1922ರ ಏಪ್ರಿಲ್ 5ರಂದು ರಮಾಬಾಯಿ ತೀರಿಕೊಂಡಾಗ ಕೆಲಸ ಮುಗಿದಿತ್ತು. ಮುಕ್ತಿಯ ಹೆಂಗಸರು ತಮ್ಮದೇ ಅಚ್ಚುಕೂಟದಲ್ಲಿ ಅದನ್ನು ಅಚ್ಚು ಹಾಕಿದರು. 1924ರಲ್ಲಿ ಪುಸ್ತಕ ಹೊರಬಂತು.